ನಿಮ್ಮ ಹೊಲದ ಮೇಲಿನ ಆಕಾಶ: ಬಳಸುವ ವಿಧಾನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಿರಿಯರೇ, ನಮಗೂ ಒಂದು ವಿಮಾನ ನಿಲ್ದಾಣ ಬೇಕೆಂದು ಮನವಿ ಬರೆಯುವ ಮೊದಲು ಇದನ್ನು ಓದಿಕೊಳ್ಳಿ. ನಿಮ್ಮದು ಆಗಲೇ ಇದೆ, ಸಾಂಬ್ರಾದಲ್ಲಿ. ಯರಗಟ್ಟಿ, ನೇಸರಗಿ ದಾಟಿ ಬೆಳಗಾವಿಗೆ ಹೋಗುವ ಬಸ್ಸು ಅದರ ಪಕ್ಕದಲ್ಲೇ ಹಾಯುತ್ತದೆ.

ಮೊದಲ ಹಂತ, ಹೆಸರಿಡುವುದು. ಇದಕ್ಕೆ ಒಂದು ಗುಂಟೆ ಜಮೀನೂ ಬೇಡ. 2023ರ ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಕೂತ ಅಧಿವೇಶನ ಸಾಂಬ್ರಾಕ್ಕೆ ಕಿತ್ತೂರು ರಾಣಿ ಚನ್ನಮ್ಮನ ಹೆಸರನ್ನೂ ಹುಬ್ಬಳ್ಳಿಯ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರನ್ನೂ ಇಡಬೇಕೆಂದು ನಿರ್ಣಯಿಸಿತು. 1942ರಲ್ಲಿ ಬ್ರಿಟಿಷರ ವಾಯುಪಡೆ ಮಾಡಿದ ನೆಲಕ್ಕೆ ಬ್ರಿಟಿಷರ ಸೆರೆಯಲ್ಲಿ ತೀರಿಕೊಂಡವಳ ಹೆಸರು. ಇಷ್ಟು ಒಳ್ಳೆಯ ಸೇಡು ಸರ್ಕಾರಿ ಕಡತಗಳಲ್ಲಿ ಅಪರೂಪ. ಎರಡು ನಿಲ್ದಾಣಗಳ ನಡುವೆ, ಹೆದ್ದಾರಿಯ ಮೇಲೆ, ಕಿತ್ತೂರಿಗೆ ಅದರ ಬಸ್ ಸ್ಟ್ಯಾಂಡ್ ಉಳಿದಿದೆ.

ಎರಡನೆಯದು, ಜಾಗ. ವಿಸ್ತರಣೆಗೆ ರಾಜ್ಯ ಸರ್ಕಾರ 370 ಎಕರೆ ಕೊಟ್ಟಿತು, ರನ್‌ವೇ 2,300 ಮೀಟರಿಗೆ ಬೆಳೆಯಿತು, 2017ರಲ್ಲಿ ಹೊಸ ಟರ್ಮಿನಲ್ ಬಂತು, 2024ರ ಮಾರ್ಚಿನಲ್ಲಿ ಇನ್ನೊಂದಕ್ಕೆ ಅಡಿಗಲ್ಲು ಬಿತ್ತು. ಕಂಪೌಂಡಿನ ಒಳಗಿನ ಲೆಕ್ಕ ಇಷ್ಟೇ. ಬೇಲಿಯೊಳಗೆ ಹೋದ ಹೊಲಕ್ಕೆ ಕಾಯ್ದೆಯುಂಟು, ದರವುಂಟು, ಕೋರ್ಟುಂಟು.

ಕೈಪಿಡಿ ನಿಜವಾಗಿ ಬೇಕಾಗುವುದು ಬೇಲಿಯ ಹೊರಗೆ. ವಿಮಾನ ಇಳಿಯುವ ದಾರಿಯ ಕೆಳಗೆ, ರನ್‌ವೇ ತುದಿಯಿಂದ ಹೊರಟು, ಕಣ್ಣಿಗೆ ಕಾಣದ ಒಂದು ಇಳಿಜಾರು ಇರುತ್ತದೆ. ಉಪಕರಣ ನೋಡಿ ಇಳಿಯುವ ರನ್‌ವೇಗೆ ಅದು 50 ಮೀಟರಿಗೆ 1 ಮೀಟರಿನಂತೆ ಏರುತ್ತದೆ. ಅಂದರೆ 1 ಕಿಲೋಮೀಟರು ದೂರದ ಹೊಲದಲ್ಲಿ, ರನ್‌ವೇ ಮಟ್ಟದಿಂದ 20 ಮೀಟರಿನೊಳಗೇ ನಿಮ್ಮ ಆಕಾಶ ಮುಗಿಯಿತು. ತೆಂಗಿನ ಸಸಿ ನೆಡುವ ಮುನ್ನ ಅದರ ಮುಪ್ಪಿನ ಎತ್ತರ ವಿಚಾರಿಸಿ. ಮೊಬೈಲ್ ಟವರು, ಕಾರ್ಖಾನೆಯ ಚಿಮಣಿ, ಮೂರಂತಸ್ತಿನ ಮೇಲೆ ಕೂಡಿಸುವ ನೀರಿನ ಟಾಕಿ, ಎಲ್ಲಕ್ಕೂ ಇದೇ ಮಾತು.

ಕಸದ ವಿಷಯ: 1937ರ ವಿಮಾನ ನಿಯಮಗಳ 91ನೆಯ ನಿಯಮದ ಪ್ರಕಾರ ನಿಲ್ದಾಣದ ಸುತ್ತ 10 ಕಿಲೋಮೀಟರಿನೊಳಗೆ ಪ್ರಾಣಿ ಕಡಿಯುವುದಾಗಲಿ, ಹಕ್ಕಿ ಸೆಳೆಯುವ ಹೊಲಸು ಚೆಲ್ಲುವುದಾಗಲಿ ಕೂಡದು. ಹದ್ದು ಎಂಜಿನ್ನಿಗೆ ಸಿಕ್ಕರೆ ಕಥೆ ಮುಗಿಯಿತು. ಪಂಚಾಯಿತಿಯ ಟ್ರ್ಯಾಕ್ಟರು ಕಸ ಎಲ್ಲಿ ಸುರಿಯಬೇಕೆಂದು ಮಾತ್ರ ನಿಯಮ ಹೇಳುವುದಿಲ್ಲ. ರಂಟಿಯ ಹಿಂದೆ ಬರುವ ಬೆಳ್ಳಕ್ಕಿಗೆ ನೋಟಿಸು ಕೊಟ್ಟವರನ್ನೂ ನಾನು ಕಂಡಿಲ್ಲ.

ಹಾಗಾದರೆ ರನ್‌ವೇಗೆ ಯಾವ ನೆರೆ ಒಳ್ಳೆಯದು? ನನ್ನ ಮತ ಹತ್ತಿಗೆ. ಬೈಲಹೊಂಗಲದ ಎರಿಯಲ್ಲಿ ಬೆಳೆಯುವ ಹತ್ತಿ ಎದೆಮಟ್ಟ ದಾಟಿದರೆ ಹೆಚ್ಚು, ಕಾಳಿಲ್ಲ, ರಾತ್ರಿ ಸದ್ದಾದರೆ ಅದರ ನಿದ್ದೆ ಕೆಡುವುದಿಲ್ಲ. ಆದರೆ ಹತ್ತಿ ಹೊಲಕ್ಕೊಬ್ಬ ಧಣಿ ಇರುತ್ತಾನಲ್ಲ. ಪಕ್ಕದವನು ಎನ್‌ಎ ಮಾಡಿಸಿ, ‘ಏರ್‌ಪೋರ್ಟಿಗೆ ಐದೇ ನಿಮಿಷ’ ಎಂದು ಬೋರ್ಡು ನೆಟ್ಟು ಪ್ಲಾಟು ಮಾರುವಾಗ ಇವನು ಮಾತ್ರ ದೇಶದ ಸುರಕ್ಷತೆಗಾಗಿ ಬಿತ್ತುತ್ತಲೇ ಇರಬೇಕು. ಬೇಲಿಯೊಳಗಿನವನಿಗೆ ಪರಿಹಾರ, ಹೊರಗಿನವನಿಗೆ ಷರತ್ತು. ಊರಿನ ನಕ್ಷೆ ಬರೆಯುವವರು ಆ ಹೊಲ ಹೊಲವಾಗಿಯೇ ಇರಲಿ ಎಂದು ಹಸಿರು ಬಳಿಯುವುದಾದರೆ, ಆ ಹಸಿರಿಗೆ ವರ್ಷಕ್ಕಿಷ್ಟು ಎಂದು ಬಾಡಿಗೆಯನ್ನೂ ಬರೆಯಲಿ. ಲೇಔಟುಗಳೆಲ್ಲ ಎದ್ದ ಮೇಲೆ ಬರೆದರೆ ಪ್ರಯೋಜನವಿಲ್ಲ.

ಅಲ್ಲಿಯವರೆಗೆ ಮನೆ ಕಟ್ಟುವವರು ಎತ್ತರದ ಎನ್‌ಒಸಿ ಪಡೆಯಿರಿ. ಕೈಗೆ ಬಂದ ಕಾಗದದಲ್ಲಿ 770 ಮೀಟರ್ ಎಂದಿದ್ದರೆ ಹಿಗ್ಗಬೇಡಿ. ಅದು ಸಮುದ್ರಮಟ್ಟದಿಂದ ಎಣಿಸಿದ್ದು. ಸಾಂಬ್ರಾದ ನೆಲವೇ ಅದರಲ್ಲಿ 750ಕ್ಕೂ ಹೆಚ್ಚು ತಿಂದಿರುತ್ತದೆ.