ಮೊಮ್ಮಗಳಿಗೊಂದು ಟ್ಯೂಷನ್

ನಮ್ಮ ಮಹದೇವಪುರದಲ್ಲಿ ಲೈಟುಕಂಬಗಳನ್ನು ನೆಟ್ಟಿರುವುದು ಬೆಳಕಿಗಲ್ಲ, ಚೀಟಿ ಅಂಟಿಸುವುದಕ್ಕೆ. ಪಿಜಿ ಇದೆ, ಮನೆ ಖಾಲಿ ಇದೆ, ಬೋರ್‌ವೆಲ್ ಕೊರೆಯುತ್ತೇವೆ, ಆಪರೇಷನ್ನಿಲ್ಲದೆ ಮೂಲವ್ಯಾಧಿ ವಾಸಿ ಮಾಡುತ್ತೇವೆ. ಜೂನ್ ಬಂತೆಂದರೆ ಟ್ಯೂಷನ್ ಚೀಟಿಗಳು ಬಂದು ಮೂಲವ್ಯಾಧಿಯನ್ನೂ ಮುಚ್ಚಿಹಾಕುತ್ತವೆ. ಅವುಗಳಲ್ಲೂ ಗಣಿತಕ್ಕೇ ದಪ್ಪಕ್ಷರ. ವಿಜ್ಞಾನಕ್ಕೆ ಅದರ ಅರ್ಧ. 

ಒಂಬತ್ತನೇ ಕ್ಲಾಸಿನ ಮೊಮ್ಮಗಳು ಪುಟ್ಟಿಗೆ ಗಣಿತದ ಟ್ಯೂಷನ್ ಹುಡುಕುವ ಕೆಲಸ ನನ್ನ ಪಾಲಿಗೆ ಬಂದದ್ದು ನನಗೆ ಗಣಿತ ಬರುತ್ತದೆಂದಲ್ಲ, ಮನೆಯಲ್ಲಿ ಮೀಟಿಂಗ್ ಇಲ್ಲದ ಮನುಷ್ಯ ನಾನೊಬ್ಬನೇ ಎಂದು. ನಾನು ದೂರವಾಣಿನಗರದ ಐಟಿಐನಲ್ಲಿ ದುಡಿದು ರಿಟೈರ್ ಆದವನು. 1948ರಲ್ಲಿ ಶುರುವಾದ, ಸ್ವತಂತ್ರ ಭಾರತದ ಮೊದಲ ಸರ್ಕಾರಿ ಉದ್ಯಮ ಅದು. ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟ ಕಾರ್ಖಾನೆ ಎಂದು ಅಪಾರ್ಟ್‌ಮೆಂಟಿನ ಹುಡುಗರಿಗೆ ಹೇಳಿದರೆ, 'ಓ, ನೀವೂ ಐಟೀನಾ ಅಂಕಲ್' ಎನ್ನುತ್ತಾರೆ. ಹೌದು, ನಮ್ಮದರಲ್ಲಿ ಒಂದು 'ಐ' ಜಾಸ್ತಿ, ಸಂಬಳ ಕಮ್ಮಿ.

ಮಗ ಮೊದಲು ತಾನೇ ಹೇಳಿಕೊಡಲು ಕೂತಿದ್ದ. ಬಿಇ ಮಾಡಿದ್ದಾನೆ, ಕಂಪನಿಯಲ್ಲಿ ಅಮೆರಿಕದವರಿಗೆ ಲೆಕ್ಕ ಒಪ್ಪಿಸುತ್ತಾನೆ. ಮೂರನೇ ಲೆಕ್ಕಕ್ಕೆ 'ಇಷ್ಟೂ ಗೊತ್ತಾಗಲ್ವಾ' ಎಂದು ದನಿ ಏರಿತು, ನಾಲ್ಕನೆಯದಕ್ಕೆ ಮಗುವಿನ ಕಣ್ಣಲ್ಲಿ ನೀರು ಬಂತು, ಐದನೆಯದು ಅವನಿಗೇ ಬರಲಿಲ್ಲ. ಆ ಸಂಜೆಯಿಂದ ಮನೆಯಲ್ಲಿ ಟ್ಯೂಷನ್ನಿನ ಮಾತು.

ಸೊಸೆ ಎಲ್ಲವನ್ನೂ ಕ್ರಮವಾಗಿ ಮಾಡುವವಳು. ಎಕ್ಸೆಲ್ ಶೀಟು ಹಾಕಿದಳು. ಫೀಸು, ದೂರ, ರೇಟಿಂಗು, ಎಸಿ ಇದೆಯೇ, ಸಿಸಿಟಿವಿ ಇದೆಯೇ, ಗರುಡಾಚಾರ್‌ಪಾಳ್ಯ ಮೆಟ್ರೋ ಸ್ಟೇಷನ್ನಿಗೆ ಹತ್ತಿರವೇ, ಹೀಗೆ ಕಾಲಮ್ಮಿನ ಮೇಲೆ ಕಾಲಮ್ಮು, ಒಂದೊಂದಕ್ಕೂ ಒಂದೊಂದು ಬಣ್ಣ.

"ಮಾವ, ಶಾರ್ಟ್‌ಲಿಸ್ಟ್ ಮಾಡಿದೀನಿ. ನೀವು ಹೋಗಿ ನೋಡ್ಕೊಂಡು ಬಂದ್ಬಿಡಿ."

ಪುಟ್ಟಿಗೆ ಯಾವ ಲೆಕ್ಕ ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವ ಕಾಲಮ್ಮು ಮಾತ್ರ ಕಾಣಲಿಲ್ಲ. ಕೇಳಿದೆ.

"ಬೇಸಿಕ್ಸ್ ಎಲ್ಲಾ ಚೆನ್ನಾಗಿದೆ ಮಾವ, ಸ್ವಲ್ಪ ಪ್ರಾಕ್ಟೀಸ್ ಕಮ್ಮಿ ಅಷ್ಟೆ."

ಈ ಸೀಮೆಯಲ್ಲಿ ಬೇಸಿಕ್ಸ್ ಚೆನ್ನಾಗಿಲ್ಲದ ಮಗುವನ್ನು ನಾನಿನ್ನೂ ನೋಡಿಲ್ಲ. ಎಲ್ಲರ ಮನೆಯಲ್ಲೂ ಪ್ರಾಕ್ಟೀಸೇ ಕಮ್ಮಿ.

ಶೀಟಿನಲ್ಲಿ ಮೊದಲು ನಿಂತಿದ್ದ ಸಂಸ್ಥೆಗೆ ಹೋದೆವು. ಲಿಫ್ಟು, ರಿಸೆಪ್ಷನ್ನು, ಗಾಜಿನ ಬಾಗಿಲು. ಗೋಡೆ ತುಂಬ ಐಐಟಿಗೆ ಹೋದ ಮಕ್ಕಳ ಫೋಟೋ. ಆರನೇ ಕ್ಲಾಸಿನಿಂದಲೇ ಫೌಂಡೇಶನ್ ಕೋರ್ಸು. ಹದಿನಾರು ವರ್ಷ ತುಂಬದ ಮಕ್ಕಳನ್ನು ಕೋಚಿಂಗ್ ಸೆಂಟರುಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರದ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದ್ದು ನನಗೆ ನೆನಪಿತ್ತು. ಪೇಪರಿನಲ್ಲಿ ಓದಿದ್ದು. ಆದರೆ ಮಾರ್ಗಸೂಚಿಗೆ ಲಿಫ್ಟು ಹತ್ತುವ ಅಭ್ಯಾಸವಿಲ್ಲ. ಕೌನ್ಸೆಲರ್ ಎಂಬ ಹುಡುಗಿ ನಗುನಗುತ್ತಾ ಒಂದು ಫಾರಂ ಕೊಟ್ಟಳು. ಮಗುವಿನ ಹೆಸರಾದ ಮೇಲೆ ಎರಡನೇ ಸಾಲಿನಲ್ಲೇ ತಂದೆ ಕೆಲಸ ಮಾಡುವ ಕಂಪನಿ, ಮೂರನೆಯದರಲ್ಲಿ ತಾಯಿಯ ಕಂಪನಿ. ಗಣಿತದ ಮಾರ್ಕ್ಸಿಗೆ ಜಾಗವಿದ್ದದ್ದು ಹಿಂದಿನ ಪುಟದಲ್ಲಿ. ಆಮೇಲೆ ಪುಟ್ಟಿಗೊಂದು ಪರೀಕ್ಷೆ. ಅರ್ಧ ಗಂಟೆಯಲ್ಲಿ ರಿಸಲ್ಟು: ಅವಳಿಗೆ ಸ್ಕಾಲರ್‌ಶಿಪ್ಪು ಬಂದಿದೆ! ಪಕ್ಕದ ಸೋಫಾದಲ್ಲಿ ಕೂತಿದ್ದ ಹುಡುಗನಿಗೂ ಬಂದಿತ್ತು. ಅವನ ತಮ್ಮ ಪರೀಕ್ಷೆ ಬರೆದಿರಲಿಲ್ಲ, ಬರೆದಿದ್ದರೆ ಅವನಿಗೂ ಬರುತ್ತಿತ್ತು. ಸ್ಕಾಲರ್‌ಶಿಪ್ಪು ಕಳೆದು ಉಳಿದ ಫೀಸನ್ನು ಆಕೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದಾಗ, ಪರೀಕ್ಷೆ ಬರೆದದ್ದು ಮೊಮ್ಮಗಳಾದರೂ ಮಟ್ಟ ಅಳೆದದ್ದು ಮಗನ ಸಂಬಳದ್ದು ಎಂದು ಗೊತ್ತಾಯಿತು.

"ಮಗು ಎಲ್ಲಿ ತಪ್ಪು ಮಾಡಿದೆ, ತೋರಿಸ್ತೀರಾ ಅಮ್ಮಾ?" ಎಂದು ಕೇಳಿದೆ.

"ಅದು ಸೇರಿದ ಮೇಲೆ ಅಂಕಲ್. ಆ್ಯಪಲ್ಲಿ ಬರುತ್ತೆ."

ನಮ್ಮ ಕಾರ್ಖಾನೆಯ ಟ್ರೈನಿಂಗಿನಲ್ಲಿ ಹೊಸ ಅಪ್ರೆಂಟಿಸ್ ಬಂದರೆ ಮೊದಲು ಕೈಗೆ ಕೊಡುತ್ತಿದ್ದದ್ದು ಅರ ಮತ್ತು ಒಂದು ಕಬ್ಬಿಣದ ತುಂಡು. ಉಜ್ಜಿ ಉಜ್ಜಿ ಮಟ್ಟ ಮಾಡಿ ತರಬೇಕು. ಮೇಷ್ಟ್ರು ಅದಕ್ಕೆ ಮೂಲೆಮಟ್ಟ ಹಿಡಿದು ಬೆಳಕಿಗೆ ಎತ್ತುತ್ತಿದ್ದರು. ಸಂದಿಯಲ್ಲಿ ಬೆಳಕು ತೂರಿದರೆ ಮತ್ತೆ ಉಜ್ಜು. ಡಿಪ್ಲೊಮಾ ಮಾಡಿ ಬಂದವನಿಗೂ ಅದೇ ತುಂಡು, ಅದೇ ಅರ. ಅದು ಮಟ್ಟವಾಗದೆ ಲೇತಿನ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಈ ಗಾಜಿನ ಬಾಗಿಲಿನವರು ನೇರ ಲೇತಿನ ಮುಂದೆ ನಿಲ್ಲಿಸುವ ಜನ. ಕೈ ಕುಯ್ದುಕೊಂಡರೆ ಆ್ಯಪಿನಲ್ಲಿ ಬರುತ್ತದೆ.

ಇನ್ನೊಂದು, ಬೇಕರಿಯ ಮೇಲಿನ ಮನೆಪಾಠ. ಒಂದರಿಂದ ಹತ್ತನೇ ಕ್ಲಾಸು, ಎಲ್ಲಾ ಸಬ್ಜೆಕ್ಟು, ಎಲ್ಲಾ ಸಿಲಬಸ್ಸು. ನಮ್ಮ ಬಡಾವಣೆಯಲ್ಲಿ ಸಿಬಿಎಸ್‌ಇ, ಐಸಿಎಸ್‌ಇ, ಸ್ಟೇಟು ಮೂರೂ ಒಂದೇ ಲಿಫ್ಟಿನಲ್ಲಿ ಇಳಿಯುತ್ತವೆ, ಆ ಮನೆಯಲ್ಲಿ ಮೂರೂ ಒಂದೇ ಚಾಪೆಯ ಮೇಲೆ ಕೂತಿದ್ದವು. ಆ ತಾಯಿ ಹುರುಳಿಕಾಯಿ ಮುರಿಯುತ್ತಲೇ ಒಬ್ಬನಿಗೆ ಮಗ್ಗಿ, ಇನ್ನೊಬ್ಬಳಿಗೆ ಅಕ್ಬರ್, ಮತ್ತೊಬ್ಬನಿಗೆ ತ್ರಿಭುಜ ಒಪ್ಪಿಸಿಕೊಳ್ಳುತ್ತಿದ್ದರು. ತಮಾಷೆಗೆ ಹೇಳುತ್ತಿಲ್ಲ, ನಾನು ಅವರನ್ನು ಮೆಚ್ಚಿದೆ. ಎಂಟು ಗಂಟೆಗೆ ಬರುವ ಅಪ್ಪ ಅಮ್ಮಂದಿರ ಮಕ್ಕಳ ಹೋಂವರ್ಕು ಏಳೂವರೆಗೆ ಮುಗಿದಿರುತ್ತದೆ. ಹೋಂವರ್ಕು ಮುಗಿಯುವುದೂ ಗಣಿತ ಬರುವುದೂ ಒಂದೇ ಅಲ್ಲ ಎಂದು ಅವರೇ ನನಗೆ ಹೇಳಿದರು. ಅಂಥ ಪ್ರಾಮಾಣಿಕತೆ ಗಾಜಿನ ಬಾಗಿಲಿನಾಚೆ ಸಿಗಲಿಲ್ಲ.

ಆನ್‌ಲೈನಿನದೂ ಡೆಮೋ ನೋಡಿದ್ದಾಯಿತು. ಅರ್ಧ ಸಮಯ 'ಕೇಳಿಸ್ತಾ ಇದೆಯಾ' ಎಂದು ಅವರು, 'ಕೇಳಿಸ್ತಾ ಇದೆ' ಎಂದು ಇವಳು.

ಹೂಡಿಯ ಕಡೆ ಒಬ್ಬ ಮೇಷ್ಟ್ರಿದ್ದಾರೆ. ಅವರದು ಸ್ಟೇಟ್ ಸಿಲಬಸ್ಸಿನ ಪಾಸಿಂಗ್ ಪ್ಯಾಕೇಜು. ಎಸ್‌ಎಸ್‌ಎಲ್‌ಸಿಯ ಮಕ್ಕಳಿಗೆ, ಎಂಬತ್ತು ಮಾರ್ಕ್ಸಿನ ಪೇಪರಿನಲ್ಲಿ ಯಾವ ಪ್ರಮೇಯ ಬಾಯಿಪಾಠ ಮಾಡಬೇಕು, ಯಾವ ನಕ್ಷೆ ಕೈಬಿಡಬಾರದು, ಯಾವುದನ್ನು ಮುಟ್ಟಲೇಬಾರದು ಎಂಬುದೆಲ್ಲ ಅವರಿಗೆ ಪಂಚಾಂಗದಂತೆ ಗೊತ್ತು. ಕೆಲವರು ಇದನ್ನು ಹಗುರವಾಗಿ ಮಾತಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಫೆಬ್ರವರಿಯಲ್ಲಿ ಮುಳುಗುತ್ತಿರುವ ಹುಡುಗನಿಗೆ ಅದು ಸರಿಯಾದ ಮದ್ದೇ. ಜೂನಿನಲ್ಲಿ, ಅದೂ ಒಂಬತ್ತನೇ ಕ್ಲಾಸಿನಲ್ಲಿ ಕುಡಿಸಿದರೆ ಮಾತ್ರ ಅನ್ಯಾಯ. ಮೇಷ್ಟ್ರೂ ಅದನ್ನೇ ಹೇಳಿ ವಾಪಸ್ ಕಳಿಸಿದರು.

ಇಲ್ಲೊಂದು ಮಾತು ಹೇಳಬೇಕು. ಸಿಬಿಎಸ್‌ಇಯವರು ಮಕ್ಕಳ ಮಟ್ಟ ಬೇರೆಬೇರೆ ಇರುತ್ತದೆ ಎಂದು ಒಪ್ಪಿ, 2020ರ ಹತ್ತನೇ ಕ್ಲಾಸಿನ ಪರೀಕ್ಷೆಯಿಂದ ಗಣಿತಕ್ಕೆ ಎರಡು ಪೇಪರು ಮಾಡಿದ್ದಾರೆ: ಸ್ಟ್ಯಾಂಡರ್ಡ್ ಮತ್ತು ಬೇಸಿಕ್. ಪಾಠ ಒಂದೇ, ಪ್ರಶ್ನೆಗಳ ಬಿಗಿ ಬೇರೆ. ಮುಂದೆ ಗಣಿತ ತೆಗೆದುಕೊಳ್ಳುವ ಆಸೆಯಿಲ್ಲದ ಮಗು ಬೇಸಿಕ್ ಬರೆದು ನಿರುಮ್ಮಳವಾಗಿ ಇರಬಹುದು. ಎಂಥ ಒಳ್ಳೆಯ ಏರ್ಪಾಡು! ಆದರೆ ನಮ್ಮ ಅಪಾರ್ಟ್‌ಮೆಂಟಿನ ವಾಕಿಂಗ್ ಗುಂಪಿನಲ್ಲಿ 'ನಮ್ಮವನದು ಬೇಸಿಕ್' ಎಂದು ಬಾಯಿಬಿಟ್ಟವರನ್ನು ನಾನು ಕಂಡಿಲ್ಲ. ಮಗಳು ಮನೆ ಬಿಟ್ಟು ಓಡಿಹೋದಳೆಂದು ಬೇಕಾದರೆ ಹೇಳಿಯಾರು. 'ಬೇಸಿಕ್ಸ್ ಚೆನ್ನಾಗಿದೆ' ಎಂದು ಹೆಮ್ಮೆಪಡುವವರಿಗೇ ಬೇಸಿಕ್ ಎಂದರೆ ಅವಮಾನ.

ಮಟ್ಟದ ಪ್ರಶ್ನೆ ನಮ್ಮ ಒಬ್ಬರ ಮನೆಯದಲ್ಲ. ಮಕ್ಕಳ ಕಲಿಕೆ ಅಳೆಯುವ ಅಸರ್ ಸರ್ವೆಯ 2024ರ ವರದಿ ನೋಡಿ: ಹಳ್ಳಿಗಾಡಿನ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಸಾದಾ ಭಾಗಾಕಾರ ಮಾಡಬಲ್ಲವರು ದೇಶದಲ್ಲಿ ಅರ್ಧಕ್ಕಿಂತ ಕಮ್ಮಿ. ಅದನ್ನು ಓದಿ ನಮ್ಮವರು 'ಪಾಪ, ಹಳ್ಳಿ ಮಕ್ಕಳು' ಎಂದು ಲೊಚಗುಟ್ಟುತ್ತಾರೆ. ಆ ಸರ್ವೆಯವರು ಮನೆಮನೆಗೆ ಹೋಗಿ ಮಗುವಿನ ಕೈಗೆ ಹಾಳೆ ಕೊಟ್ಟು ಲೆಕ್ಕ ಮಾಡಿಸುತ್ತಾರೆ. ಹದಿನಾಲ್ಕನೇ ಫ್ಲೋರಿಗೆ ಬರಬೇಕೆಂದರೆ ಗೇಟಿನ ಸೆಕ್ಯುರಿಟಿಯವನು ಆ್ಯಪಿನಲ್ಲಿ ಅಪ್ರೂವಲ್ ಕೇಳುತ್ತಾನೆ. ಹಾಗಾಗಿ ನಮ್ಮ ಗುಟ್ಟು ಗುಟ್ಟಾಗೇ ಇದೆ.

ಕೊನೆಗೆ ಸಿಕ್ಕಿದ್ದು ಸೊಸೆಯ ಶೀಟಿನಲ್ಲಿಲ್ಲದ ಮನೆ. ನಮ್ಮ ತರಕಾರಿಯವನು ಹೇಳಿದ್ದು. ಅವನ ಮಗಳು ಅಲ್ಲಿಗೇ ಹೋಗುತ್ತಾಳೆ. ಹೊಸಕೋಟೆ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದ ಮೇಡಂ. ಬೋರ್ಡಿಲ್ಲ, ಚೀಟಿಯಿಲ್ಲ. ವರಾಂಡದಲ್ಲಿ ಉದ್ದನೆಯ ಬೆಂಚು, ಒಂದು ಕರಿಹಲಗೆ, ನಿಜವಾದ ಸೀಮೆಸುಣ್ಣ. ಒಂಬತ್ತನೇ ಕ್ಲಾಸಿನ ಪುಸ್ತಕ ಮುಂದಿಟ್ಟೆ. ಅವರು ಅದನ್ನು ತೆರೆಯಲೂ ಇಲ್ಲ.

"ಇರಲಿ ಯಜಮಾನರೇ, ಮೊದಲು ಸೇತುಬಂಧ ಆಗ್ಲಿ."

ಸೇತುಬಂಧ ಎಂದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ವರ್ಷದ ಆರಂಭದಲ್ಲಿ ನಡೆಯುವ ಏರ್ಪಾಡು. ಹಿಂದಿನ ಕ್ಲಾಸುಗಳದ್ದು ಎಷ್ಟು ಉಳಿದಿದೆ ಎಂದು ನೋಡಲು ನೈದಾನಿಕ ಪರೀಕ್ಷೆ, ಬಿಟ್ಟುಹೋದದ್ದನ್ನು ತುಂಬುವ ಪಾಠ, ಆಮೇಲೆ ಸಾಫಲ್ಯ ಪರೀಕ್ಷೆ. ಕಾಗದದ ಮೇಲೆ ಮಾತ್ರ ಮುಗಿಸುವ ಕಡೆಯೂ ಉಂಟೆಂದು ಮೇಡಮ್ಮೇ ನಕ್ಕರು. ಆದರೆ ತಲೆ ಸರಿಯಾದ ಕಡೆಗೇ ಓಡಿದೆ. ಜಪಾನಿನ ಟೋರು ಕುಮಾನ್ ಎಂಬ ಗಣಿತದ ಮೇಷ್ಟ್ರು 1954ರಲ್ಲಿ ಎರಡನೇ ಕ್ಲಾಸಿನ ತಮ್ಮ ಮಗನಿಗೆ ಕೈಯಲ್ಲೇ ಲೆಕ್ಕದ ಹಾಳೆಗಳನ್ನು ಬರೆದುಕೊಟ್ಟು ಶುರುಮಾಡಿದ್ದೂ ಇದೇ ಹಾದಿ: ಮಗು ಸಲೀಸಾಗಿ ಮಾಡಬಲ್ಲ ಕಡೆಯಿಂದ ಹೊರಟು ಮೇಲಕ್ಕೆ ಹೋಗುವುದು. ಅದು ಲೋಕದ ತುಂಬ ಸೆಂಟರುಗಳಾಗಿ ಬೆಳೆಯಿತು. ನಮ್ಮದು ಸುತ್ತೋಲೆಯಾಗಿ ಉಳಿಯಿತು.

ಮೇಡಂ ಒಂದು ಹಾಳೆ ಕೊಟ್ಟರು. ಐದನೇ ಕ್ಲಾಸಿನ ಲೆಕ್ಕದಿಂದ ಎಂಟನೆಯದರವರೆಗೆ, ಮೆಟ್ಟಿಲು ಮೆಟ್ಟಿಲಾಗಿ. ಪುಟ್ಟಿ ಮೊದಲ ಸಾಲು ನೋಡಿ, 'ತಾತ, ಇದು ಬೇಬಿ ಸಮ್ಸ್' ಎಂದು ಮೂಗು ಮುರಿದಳು. ಗುಣಾಕಾರ ಸರಸರ ಹೋಯಿತು. ಆಮೇಲೆ ಬಂತು ಅರ್ಧಕ್ಕೆ ಮೂರನೇ ಒಂದು ಕೂಡಿಸುವ ಲೆಕ್ಕ. ಮೇಲಿನ ಒಂದೂ ಒಂದೂ ಎರಡು, ಕೆಳಗಿನ ಎರಡೂ ಮೂರೂ ಐದು. ಐದನೇ ಎರಡು ಎಂದು ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದಳು.

ನಾನಾಗಿದ್ದರೆ ತಪ್ಪೆಂದು ಕೂಗುತ್ತಿದ್ದೆ, ನನ್ನ ಮಗನಂತೂ ಬಿಇ ನೆನಪಿಸುತ್ತಿದ್ದ. ಮೇಡಂ ಕೆಂಪು ಪೆನ್ನು ಮುಟ್ಟಲಿಲ್ಲ.

"ಅರ್ಧ ದೋಸೆ ತಟ್ಟೇಲಿದೆ ಕಣಮ್ಮ. ಇನ್ನೊಂದು ಚೂರು ಹಾಕ್ದೆ. ಈಗ ಅರ್ಧಕ್ಕಿಂತ ಜಾಸ್ತಿ ಇರ್ಬೇಕೋ, ಕಮ್ಮಿ ಇರ್ಬೇಕೋ?"

"ಜಾಸ್ತಿ ಮಿಸ್."

"ಐದರಲ್ಲಿ ಎರಡು ಭಾಗ ಅಂದ್ರೆ ಅರ್ಧಕ್ಕಿಂತ ಜಾಸ್ತಿನಾ?"

ಪುಟ್ಟಿ ಹಾಳೆ ನೋಡಿದಳು. ನನ್ನನ್ನು ನೋಡಿದಳು. ರಬ್ಬರು ತೆಗೆದು ಉಜ್ಜಿ, 'ಹೌದಲ್ವಾ, ದೋಸೆ ಕಮ್ಮಿ ಆಗ್ಬಿಡ್ತು' ಎಂದು ತಾನೇ ನಕ್ಕುಬಿಟ್ಟಳು. ಹಾಳೆಯ ಕೊನೆಗೆ ಇನ್ನೊಂದು ಸಿಕ್ಕಿತು: ಕಂಸದ ಹಿಂದೆ ಮೈನಸ್ ಇದ್ದರೆ ಒಳಗಿನ ಎರಡನೇ ಚಿಹ್ನೆ ಬದಲಿಸುವುದನ್ನು ಬಿಡುತ್ತಾಳೆ. ಅಷ್ಟೇ. ಇವೆರಡು ಬಿಟ್ಟರೆ ಹುಡುಗಿ ಗಟ್ಟಿ. ಬಹುಪದೋಕ್ತಿಯ ಅಧ್ಯಾಯವೆಲ್ಲ ಇವಳಿಗೆ ಕಬ್ಬಿಣದ ಕಡಲೆಯಾಗಿದ್ದದ್ದು ಐದನೇ ಕ್ಲಾಸಿನಿಂದ ಉಳಿದ ಒಂದು ಭಿನ್ನರಾಶಿಯಿಂದ, ಏಳನೆಯದರಿಂದ ಉಳಿದ ಒಂದು ಮೈನಸ್ಸಿನಿಂದ. ಗಾಜಿನ ಬಾಗಿಲಿನವರ ಪರೀಕ್ಷೆಯಲ್ಲಿ ಇದು ಸಿಗಲಿಲ್ಲ, ಸ್ಕಾಲರ್‌ಶಿಪ್ಪು ಸಿಕ್ಕಿತ್ತು.

ಭಿನ್ನರಾಶಿ ನಮ್ಮ ನಾಡಿಗೇನೂ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಯದೇ ದೊಡ್ಡ ಸಂಭ್ರಮ. ಅಡುಗೆಯಿಂದ ಹಿಡಿದು ಸಂಗೀತ, ಕಾಮಶಾಸ್ತ್ರದವರೆಗೆ ಎಲ್ಲಕ್ಕೂ ಗಣಿತ ಬೇಕೆಂದು ಆರಂಭದಲ್ಲೇ ಹೇಳುತ್ತಾನೆ. ಅದರಲ್ಲೊಂದು ಲೆಕ್ಕ, ಪ್ರಣಯ ಕಲಹದಲ್ಲಿ ಹರಿದ ಮುತ್ತಿನ ಹಾರದ್ದು: ಇಂತಿಷ್ಟು ಪಾಲು ಹಾಸಿಗೆಯ ಮೇಲೆ ಬಿತ್ತು, ಇಂತಿಷ್ಟು ಪಾಲು ಇನ್ನೆಲ್ಲೋ ಬಿತ್ತು, ಒಟ್ಟು ಮುತ್ತೆಷ್ಟು? ಮೇಡಮ್ಮಿಗೆ ಹೇಳಿದೆ. 'ಲೆಕ್ಕ ಚೆನ್ನಾಗಿದೆ, ಆದ್ರೆ ಹೈಸ್ಕೂಲಿಗೆ ಬೇಡ' ಎಂದರು. ಮಟ್ಟ ನೋಡಿ ಕೊಡುವುದೆಂದರೆ ಇದೂ ಸೇರುತ್ತದೆ.

ಮನೆಗೆ ಬಂದು ವರದಿ ಒಪ್ಪಿಸಿದೆ. ಸೊಸೆ ಮೊದಲು ಕೇಳಿದ್ದು, "ಒಂಬತ್ತನೇ ಕ್ಲಾಸಿಗೆ ಐದನೇ ಕ್ಲಾಸಿಂದು ಹೇಳ್ಕೊಡ್ತಾರಾ ಮಾವ? ಪೋರ್ಷನ್ ಯಾವಾಗ ಮುಗಿಸ್ತಾರೆ?" ಮಗ ಮ್ಯೂಟ್ ಮಾಡಿಕೊಂಡು, "ರೇಟಿಂಗ್ ಎಷ್ಟಿದೆ ಅಪ್ಪ?" ಎಂದ. ಪುಟ್ಟಿಯೇ ಕೇಸು ಮುಗಿಸಿದಳು. ಅಪ್ಪನ ಮುಂದೆ ಹಾಳೆ ಹಿಡಿದು, ಅರ್ಧಕ್ಕೆ ಮೂರನೇ ಒಂದು ಕೂಡಿಸಲು ಹೇಳಿದಳು. ಅವನು ಫೋನಿನ ಕ್ಯಾಲ್ಕುಲೇಟರ್ ತೆಗೆದು 0.83 ಎಂದ. "ಭಿನ್ನರಾಶೀಲಿ ಹೇಳು ಅಪ್ಪ" ಎಂದಳು. ಅವನಿಗೆ ಕಾಲ್ ಬಂತು.

ಈಗ ವಾರಕ್ಕೆ ಮೂರು ಸಂಜೆ ಹೋಗಿಬರುತ್ತಾಳೆ. ಯೂನಿಟ್ ಟೆಸ್ಟಿನಲ್ಲಿ ಆಕಾಶಕ್ಕೇನೂ ಏರಿಲ್ಲ. ಆದರೆ ಪೇಪರು ತಂದು ತೋರಿಸುವಾಗ 'ಇಲ್ಲಿ ಮೈನಸ್ ಬಿಟ್ಟೆ ತಾತ' ಎಂದು ತಾನೇ ಬೆರಳಿಡುತ್ತಾಳೆ. ಸಾಕು.

ನೀವೂ ಮಗುವಿಗೆ ಗಣಿತದ ಟ್ಯೂಷನ್ ನೋಡಲು ಹೊರಟಿದ್ದರೆ ಫೀಸು, ಎಸಿ, ರೇಟಿಂಗು ಎಲ್ಲ ಆಮೇಲೆ ಕೇಳಿ. ಮೊದಲ ದಿನ ಮಗುವಿನ ಕೈಯಲ್ಲಿ ಏನು ಬರೆಸುತ್ತೀರಿ ಎಂದು ಕೇಳಿ. 'ಪುಸ್ತಕದ ಮೊದಲನೇ ಅಧ್ಯಾಯ' ಎಂಬ ಉತ್ತರ ಬಂದರೆ ನಮಸ್ಕಾರ ಹೇಳಿ ಮೆಟ್ಟಿಲಿಳಿಯಿರಿ. ನಮ್ಮ ಮೇಡಮ್ಮಿನ ವಿಳಾಸ ಮಾತ್ರ ಕೇಳಬೇಡಿ. ಬೆಂಚಿನಲ್ಲಿ ಎಂಟು ಮಕ್ಕಳಿಗಷ್ಟೇ ಜಾಗ, ಈ ವರ್ಷದ್ದು ಭರ್ತಿಯಾಗಿದೆ.