ಸಿಬಿಝಡ್ ಮೇಷ್ಟ್ರು

ಕರ್ನಾಟಕದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸುವ ಶಿಕ್ಷಕರು ಎರಡು ಕುಲಗಳಿಗೆ ಸೇರಿದವರು: ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿ ಬಂದವರು ಪಿಸಿಎಂ ಮೇಷ್ಟ್ರು, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಓದಿ ಬಂದವರು ಸಿಬಿಝಡ್ ಮೇಷ್ಟ್ರು. ಈ ಅಕ್ಷರಗಳು ಆಯಾ ವಿಷಯಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಷ್ಟೇ ಆಗಿದ್ದರೂ, ಕಾಲಕ್ರಮದಲ್ಲಿ ಮನೆತನದ ಹೆಸರಿನಂತೆ ಅಂಟಿಕೊಂಡು, ವರ್ಗವಾಗಿ ಬಂದವರನ್ನು ಯಾವ ಊರೆಂದು ವಿಚಾರಿಸುವ ಮೊದಲೇ ‘ಪಿಸಿಎಮ್ಮೋ ಸಿಬಿಝಡ್ಡೋ’ ಎಂದು ಕೇಳುವ ವಾಡಿಕೆ ಬೆಳೆದಿದೆ. ರಸಾಯನಶಾಸ್ತ್ರವು ಎರಡೂ ಮನೆತನಗಳಿಗೆ ಸೇರಿದ ಪಿತ್ರಾರ್ಜಿತ ಆಸ್ತಿಯಾದ್ದರಿಂದ, ಹತ್ತನೆಯ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠವನ್ನು ಯಾರು ಮಾಡಬೇಕೆಂಬ ಪ್ರಶ್ನೆ ಜೂನ್ ತಿಂಗಳಲ್ಲಿ ಬದುವಿನ ಜಗಳದ ರೂಪ ತಾಳುತ್ತದೆ. ಗಣಿತದ ಹೊರೆಯನ್ನು ಮುಂದೊಡ್ಡಿ ಪಿಸಿಎಂ ಮೇಷ್ಟ್ರು ಜಾರಿಕೊಳ್ಳುವುದರಿಂದ ಲೋಹ, ಅಲೋಹ, ಪೋಷಣೆ, ದ್ಯುತಿಸಂಶ್ಲೇಷಣೆ ಎಲ್ಲವೂ ಬಹುಮಟ್ಟಿಗೆ ಸಿಬಿಝಡ್ ಮೇಷ್ಟ್ರ ಪಾಲಿಗೇ ಬರುತ್ತವೆ. ಅವರು ಮೇಲ್ನೋಟಕ್ಕೆ ಗೊಣಗಿದರೂ ಒಳಗೊಳಗೇ ಹಿಗ್ಗುತ್ತಾರೆಂಬುದನ್ನು ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಬಲ್ಲರು.

ಈ ಮೇಷ್ಟ್ರನ್ನು ಗುರುತಿಸಲು ಎರಡು ಲಕ್ಷಣಗಳು ಸಾಕು. ಒಂದು, ಪ್ಯಾಂಟಿನ ಜೇಬಿನಲ್ಲಿ ಸದಾ ಸದ್ದು ಮಾಡುವ ಬೀಗದಕೈ. ಪ್ರಯೋಗಾಲಯವೆಂದು ಕಡತಗಳಲ್ಲಿ ಕರೆಯಲ್ಪಡುವ ಹಸಿರು ಬಣ್ಣದ ಕಬ್ಬಿಣದ ಬೀರುವಿನದು ಅದು. ಇನ್ನೊಂದು, ಮಾತಿನ ನಡುವೆ ತಪ್ಪದೆ ಬರುವ ‘ಆದರೆ’ ಎಂಬ ಪದ. ಲೋಕದ ಜನ ಆ ಪದವನ್ನು ತಕರಾರಿಗೆ ಬಳಸಿದರೆ, ಸಿಬಿಝಡ್ ಮೇಷ್ಟ್ರು ಅದನ್ನು ಕಲ್ಲುಸಕ್ಕರೆಯಂತೆ ನಾಲಗೆಯ ಮೇಲೆ ಹೊರಳಿಸಿ ನುಡಿಯುತ್ತಾರೆ. ಅವರ ಮಟ್ಟಿಗೆ ನಿಯಮವೆಂಬುದು ಅಪವಾದಕ್ಕೆ ಬರೆದ ಪೀಠಿಕೆ ಮಾತ್ರ.

ಲೋಹದ ಲಕ್ಷಣಗಳನ್ನು ಅವರು ಕಪ್ಪುಹಲಗೆಯ ಎಡಭಾಗದಲ್ಲಿ ಒಂದೊಂದಾಗಿ ಬರೆಯುತ್ತಾರೆ: ಹೊಳಪುಳ್ಳದ್ದು, ಗಟ್ಟಿಯಾದದ್ದು, ಶಾಖವನ್ನೂ ವಿದ್ಯುತ್ತನ್ನೂ ಹರಿಯಗೊಡುವುದು, ಬಡಿದರೆ ತಗಡಾಗುವ ಕುಟ್ಯತೆಯೂ ಎಳೆದರೆ ತಂತಿಯಾಗುವ ತನ್ಯತೆಯೂ ಉಳ್ಳದ್ದು. ಬಲಭಾಗದಲ್ಲಿ ಈ ಯಾವ ಯೋಗ್ಯತೆಯೂ ಇಲ್ಲದ ಗಂಧಕ, ರಂಜಕ, ಇಂಗಾಲಗಳಂಥ ಅಲೋಹಗಳು ನಿಲ್ಲುತ್ತವೆ. ಮಕ್ಕಳು ನಡುವೆ ಅಡಿಪಟ್ಟಿಯಿಂದ ಗೆರೆ ಎಳೆದು ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ‘ಆದರೆ’ ಆರಂಭವಾಗುತ್ತದೆ. ಪಾದರಸ ಲೋಹವೇ ಹೌದು, ಆದರೆ ಉಷ್ಣತೆ ಸೊನ್ನೆಗಿಂತ ಸುಮಾರು 39 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯದ ಹೊರತು ಅದು ಗಟ್ಟಿಯಾಗದು. ಸೋಡಿಯಂ ಲೋಹವೇ ಹೌದು, ಆದರೆ ಚಾಕುವಿನಿಂದ ಕೊಯ್ಯುವಷ್ಟು ಮೆತ್ತಗೆ. ಅಯೋಡಿನ್ ಅಲೋಹ, ಆದರೆ ಹೊಳೆಯುತ್ತದೆ. ಪೆನ್ಸಿಲಿನೊಳಗಿನ ಗ್ರಾಫೈಟು ಅಲೋಹವಾದ ಇಂಗಾಲದ್ದೇ ಒಂದು ರೂಪ, ಆದರೆ ವಿದ್ಯುತ್ತನ್ನು ಹರಿಸುತ್ತದೆ. ಸುಮಾರು 30 ಡಿಗ್ರಿಯಲ್ಲೇ ಕರಗುವುದರಿಂದ ಅಂಗೈಯಲ್ಲಿಟ್ಟರೆ ನೀರಾಗುವ ಗ್ಯಾಲಿಯಂ ಎಂಬ ಲೋಹದ ಸರದಿ ಬಂದಾಗ ಅವರ ದನಿಯೇ ಬದಲಾಗುತ್ತದೆ. ಆ ಲೋಹವನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಆದರೂ ಅಮೆರಿಕದಲ್ಲಿರುವ ಸೋದರಮಾವನ ಬಂಗಲೆಯನ್ನು ವರ್ಣಿಸುವ ಅಳಿಯನ ಹಾಗೆ, ವರ್ಷವರ್ಷವೂ ಒಂದಿಷ್ಟು ಸೇರಿಸಿ ಬಣ್ಣಿಸುತ್ತಾರೆ. ಕೊನೆಗೆ ಹಿಂದಿನ ಬೆಂಚಿನಿಂದ ‘ಹಾಗಾದ್ರೆ ಲೋಹ ಅಂದ್ರೆ ಯಾವ್ದು ಸಾರ್?’ ಎಂಬ ಹತಾಶ ಪ್ರಶ್ನೆ ಬಂದೊಡನೆ ಮೇಷ್ಟ್ರ ಮುಖದ ಮೇಲೆ ಪಠ್ಯಪುಸ್ತಕದಲ್ಲಿ ಹೇಳಿದ ಲೋಹೀಯ ಹೊಳಪು ಮೂಡುತ್ತದೆ. ರಾಸಾಯನಿಕ ಕ್ರಿಯೆಯಲ್ಲಿ ಎಲೆಕ್ಟ್ರಾನನ್ನು ಬಿಟ್ಟುಕೊಡುವ ಸ್ವಭಾವ ಲೋಹದ್ದು, ಪಡೆದುಕೊಳ್ಳುವ ಸ್ವಭಾವ ಅಲೋಹದ್ದು ಎಂಬ ಉತ್ತರವನ್ನು ಅವರು ಈ ಪ್ರಶ್ನೆಗಾಗಿಯೇ ಬಚ್ಚಿಟ್ಟುಕೊಂಡಿರುತ್ತಾರೆ.

ಶಾಬ್ದನ, ಅಂದರೆ ಬಡಿದಾಗ ನಾದ ಹೊಮ್ಮಿಸುವ ಲೋಹಗುಣವನ್ನು ಮಾತ್ರ ಅವರು ಈಗ ಪ್ರಯೋಗವಿಲ್ಲದೆ, ಬರಿಯ ವಿವರಣೆಯಿಂದ ಮುಗಿಸುತ್ತಾರೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಮಲೆನಾಡಿನ ಅನೇಕ ಶಾಲೆಗಳಲ್ಲಿ ಗಂಟೆಯೆಂದರೆ ಜಗಲಿಯ ಜಂತಿಗೆ ತೂಗುಬಿಟ್ಟ ರೈಲು ಕಂಬಿಯ ತುಂಡು; ಶಾಬ್ದನಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ಸಿಗದೆಂದು ನಂಬಿ ಅದನ್ನು ಎರಡನೆಯ ಅವಧಿಯಲ್ಲಿ ನಾಲ್ಕು ಬಾರಿ ಬಾರಿಸಿದ ಸಿಬಿಝಡ್ ಮೇಷ್ಟ್ರು, ಇಡೀ ಶಾಲೆಯೇ ತಟ್ಟೆ ಹಿಡಿದು ಅಕ್ಷರ ದಾಸೋಹದ ಅಡುಗೆಕೋಣೆಯ ಮುಂದೆ ಸಾಲುಗಟ್ಟುವುದನ್ನೂ ಅನ್ನಕ್ಕೆ ಇನ್ನೂ ಎಸರು ಕುದಿಯುತ್ತಿರುವುದನ್ನೂ ಏಕಕಾಲದಲ್ಲಿ ಕಾಣಬೇಕಾಗಿ ಬಂದಿದೆ.

ಲೋಹಗಳನ್ನು ಅವುಗಳ ಚುರುಕುತನಕ್ಕೆ ತಕ್ಕಂತೆ ಮೇಲಿನಿಂದ ಕೆಳಕ್ಕೆ ಜೋಡಿಸಿದ ಪಟ್ಟಿಗೆ ಕ್ರಿಯಾಶೀಲತೆಯ ಸರಣಿ ಎಂದು ಹೆಸರು. ಪೊಟ್ಯಾಸಿಯಂ, ಸೋಡಿಯಂಗಳು ತುದಿಯಲ್ಲಿವೆ. ಗಾಳಿ ಸೋಕಿದರೆ ಸಾಕು ವರ್ತಿಸುವ, ನೀರು ಸೋಕಿದರೆ ಹೊತ್ತಿಕೊಳ್ಳುವ ಸ್ವಭಾವದವಾದ್ದರಿಂದ ಅವುಗಳನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡಬೇಕು. ತಳದಲ್ಲಿರುವುದು ಬಂಗಾರ, ಅದು ಯಾರ ತಂಟೆಗೂ ಹೋಗುವುದಿಲ್ಲ, ಅದಕ್ಕೇ ಹೆಚ್ಚಿನ ಬೆಲೆ. ಈ ತತ್ತ್ವವು ಶಾಲೆಯ ಆಡಳಿತಕ್ಕೂ ಅನ್ವಯಿಸುತ್ತದೆಂದು ಸಿಬಿಝಡ್ ಮೇಷ್ಟ್ರು ಮನಗಂಡಿದ್ದಾರೆ. ಚುನಾವಣೆ ಬಂದರೆ ಮತಗಟ್ಟೆ, ಜನಗಣತಿ ಬಂದರೆ ಮನೆಮನೆ, ಮೊಟ್ಟೆ ಬಂದರೆ ಎಣಿಕೆ, ವಸ್ತುಪ್ರದರ್ಶನ ಬಂದರೆ ಥರ್ಮೋಕೋಲಿನ ಜ್ವಾಲಾಮುಖಿ, ಹೀಗೆ ಯಾವುದು ಸೋಕಿದರೂ ಅವರು ವರ್ತಿಸಲೇಬೇಕಾಗುತ್ತದೆ. ಗಣರಾಜ್ಯೋತ್ಸವದಂದು ಮೈಕು ಕೆಟ್ಟಾಗ ‘ನೀವು ಸೈನ್ಸು ತಾನೆ’ ಎಂದು ಅವರನ್ನೇ ಕರೆಯುತ್ತಾರೆ. ವಿದ್ಯುತ್ತು ಪಿಸಿಎಂನವರ ಸರಹದ್ದೆಂಬ ಅವರ ವಾದ ಯಾರಿಗೂ ಕೇಳಿಸುವುದಿಲ್ಲ, ಏಕೆಂದರೆ ಮೈಕು ಕೆಟ್ಟಿರುತ್ತದೆ.

ಮೇಲಿನ ಲೋಹವು ತನಗಿಂತ ಕೆಳಗಿನದನ್ನು ಅದರ ಲವಣದ ದ್ರಾವಣದಿಂದ ಹೊರದೂಡುವ ಕ್ರಿಯೆಯನ್ನು ಸ್ಥಾನಪಲ್ಲಟವೆನ್ನುತ್ತಾರೆ. ತಾಮ್ರದ ಸಲ್ಫೇಟಿನ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆಯನ್ನಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ನೀಲಿ ಮಾಸಿ, ಮೊಳೆಯ ಮೈಗೆ ಕೆಂಗಂದು ಬಣ್ಣದ ತಾಮ್ರ ಕೂರುತ್ತದೆ. ಮೇಷ್ಟ್ರು ಈ ಪ್ರಯೋಗವನ್ನು ಇಂದ್ರಜಾಲದ ಗತ್ತಿನಲ್ಲಿ ತೋರಿಸಿ, ಮೊಳೆಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ತರಗತಿ ಬೆರಗಾಗುವುದನ್ನು ಕಾಯುತ್ತಿರುವಾಗ ಅಡಕೆ ತೋಟದ ಮನೆಯಿಂದ ಬಂದ ಹುಡುಗನೊಬ್ಬ ಎದ್ದು ನಿಂತು, ‘ಇದು ಮೈಲುತುತ್ತ ಅಲ್ವಾ ಸಾರ್, ನಮ್ಮಪ್ಪ ಇದರಲ್ಲಿ ಕತ್ತಿ ಅದ್ದಿ ನೋಡ್ತಾರೆ, ಕೆಂಪಾದ್ರೆ ಇನ್ನೂ ಸುಣ್ಣ ಬೇಕು ಅಂತಾರೆ’ ಎನ್ನುವುದುಂಟು. ಮಳೆಗಾಲದಲ್ಲಿ ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣವಾಗಿದ್ದು, ಸುಣ್ಣ ಕಡಿಮೆಯಾಗಿ ತಾಮ್ರ ಬಿಡಿಯಾಗಿ ಉಳಿದಿದ್ದರೆ ಅದು ಕಬ್ಬಿಣದ ಅಲಗಿನ ಮೇಲೆ ಕೆಂಪಾಗಿ ಕೂರುತ್ತದೆ, ಅಂಥ ದ್ರಾವಣ ಗೊನೆಯನ್ನು ಸುಡುತ್ತದೆ. ಸ್ಥಾನಪಲ್ಲಟ ಕ್ರಿಯೆಯನ್ನು ಮರ ಹತ್ತುವ ಮೊದಲು ಅಂಗಳದಲ್ಲಿಯೇ ಮಾಡಿ ನೋಡುವ ರೈತನ ಮಗನ ಎದುರು ಮೇಷ್ಟ್ರು ಕ್ಷಣಕಾಲ ಮೊಳೆಯನ್ನು ಹಿಡಿದು ನಿಂತು, ಅನಂತರ ಸಮೀಕರಣವನ್ನು ಮಾತ್ರ ತಮ್ಮದೆಂದು ಉಳಿಸಿಕೊಳ್ಳುತ್ತಾರೆ.

ಅವರನ್ನು ಇದಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಪೋಷಣೆಯ ಪಾಠದಲ್ಲಿ ಬರುತ್ತದೆ. ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವುದು ಸ್ವಪೋಷಣೆ. ಅನ್ಯರು ತಯಾರಿಸಿದ್ದನ್ನು ಉಣ್ಣುವುದು ಪರಪೋಷಣೆ. ಆಶ್ರಯ ಕೊಟ್ಟ ಜೀವಿಯ ರಸವನ್ನೇ ಹೀರಿ ಬದುಕುವುದು ಪರಾವಲಂಬನೆ. ಹಸಿರು ಸಸ್ಯಗಳೆಲ್ಲ ಸ್ವಪೋಷಕಗಳೆಂದು ಬರೆಸಿದ ಕೂಡಲೇ ‘ಆದರೆ’ ಎಂದು ಮಾವಿನ ಮರದ ಮೇಲಿನ ಬಂದಳಿಕೆಯತ್ತ ಅವರು ಕೈ ತೋರುತ್ತಾರೆ: ಅದಕ್ಕೂ ಹಸಿರೆಲೆಯಿದೆ, ಅಡುಗೆಯನ್ನು ಅದೇ ಮಾಡಿಕೊಳ್ಳುತ್ತದೆ, ನೀರು ಮತ್ತು ಖನಿಜಗಳನ್ನು ಮಾತ್ರ ಮಾವಿನಿಂದ ಕದಿಯುತ್ತದೆ. ಶಿಕ್ಷಕರ ಕೊಠಡಿಯಲ್ಲಿ ಸ್ವಂತ ಬುತ್ತಿ ತಂದು ಪಕ್ಕದವರ ಉಪ್ಪಿನಕಾಯಿಯನ್ನು ಮಾತ್ರ ಹಾಕಿಕೊಳ್ಳುವ ಸಹೋದ್ಯೋಗಿಯನ್ನು ಅವರು ಇದೇ ವರ್ಗಕ್ಕೆ ಸೇರಿಸಿರುವುದು ಶಾಸ್ತ್ರಸಮ್ಮತವೇ. ಗಿಡ ಗೊಬ್ಬರವನ್ನು ತಿಂದು ಬೆಳೆಯುತ್ತದೆಂದು ನಂಬಿ ಬಂದ ಮಕ್ಕಳಿಗೆ ಅವರು ವಾನ್ ಹೆಲ್ಮಾಂಟ್ ಎಂಬ ಹಿಂದಿನ ಕಾಲದ ಪ್ರಯೋಗಶೀಲನ ಕಥೆ ಹೇಳುತ್ತಾರೆ. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿಯನ್ನು ನೆಟ್ಟು, ಐದು ವರ್ಷ ಬರಿಯ ನೀರೆರೆದಾಗ ಗಿಡ 169 ಪೌಂಡ್ ಆಯಿತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್ ಮಾತ್ರ. ಎಲ್ಲವೂ ನೀರಿನಿಂದಲೇ ಬಂತೆಂದು ಆತ ತೀರ್ಮಾನಿಸಿದ; ಆತನ ಬರಹ 1648ರಲ್ಲಿ, ಆತ ತೀರಿಹೋದ ಮೇಲೆ, ಪ್ರಕಟವಾಯಿತು. ಗಿಡದ ತೂಕದ ದೊಡ್ಡ ಪಾಲು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬರುತ್ತದೆಂಬುದು ತಿಳಿಯಲು ಇನ್ನೂ ಒಂದೂವರೆ ಶತಮಾನ ಹಿಡಿಯಿತು. ಗೊಬ್ಬರವೆಂಬುದು ಸಾರಿಗೆ ಉಪ್ಪಿದ್ದಂತೆ, ಉಪ್ಪಿಲ್ಲದೆ ಸಾರಿಲ್ಲ, ಆದರೆ ಉಪ್ಪನ್ನೇ ಯಾರೂ ಉಣ್ಣುವುದಿಲ್ಲ ಎಂದು ಮೇಷ್ಟ್ರು ವಿವರಿಸುವಾಗ ಅದೇ ಅಡಕೆ ತೋಟದ ಹುಡುಗ ಮತ್ತೆ ಎದ್ದು ನಿಲ್ಲುತ್ತಾನೆ: ಪೊಟ್ಯಾಸಿಯಂ ನೀರು ಕಂಡರೆ ಹೊತ್ತಿಕೊಳ್ಳುವುದಾದರೆ, ಮಳೆಯಲ್ಲಿ ನೆನೆದ ತೋಟಕ್ಕೆ ಹಾಕಿದ ಪೊಟ್ಯಾಷು ಗೊಬ್ಬರಕ್ಕೆ ಯಾಕೆ ಬೆಂಕಿ ಬೀಳುವುದಿಲ್ಲ?

ಎರಡು ಪಾಠಗಳು ಒಂದನ್ನೊಂದು ಸಂಧಿಸುವ ಈ ಪ್ರಶ್ನೆಗೆ, ಪಾಸಾಗಲು ಸಾಕಾಗುವಷ್ಟನ್ನೇ ಕಟ್ಟಿಕೊಟ್ಟ ಪಾಸಿಂಗ್ ಪ್ಯಾಕೇಜಿನಲ್ಲಿ ಉತ್ತರವಿಲ್ಲ, ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಅಂಕವೂ ಇಲ್ಲ. ಆದರೂ ಸಿಬಿಝಡ್ ಮೇಷ್ಟ್ರು ಬಾಕಿ ಇದ್ದ ಇಡೀ ಅವಧಿಯನ್ನು ಅದಕ್ಕೆ ಸುರಿಯುತ್ತಾರೆ. ಗೊಬ್ಬರದಲ್ಲಿರುವುದು ಪೊಟ್ಯಾಸಿಯಂ ಲೋಹವಲ್ಲ, ಪೊಟ್ಯಾಸಿಯಂ ಕ್ಲೋರೈಡ್. ಅಲ್ಲಿ ಪೊಟ್ಯಾಸಿಯಂ ತನ್ನ ಹೊರಗಿನ ಎಲೆಕ್ಟ್ರಾನನ್ನು ಕ್ಲೋರಿನ್ನಿಗೆ ಆಗಲೇ ಕೊಟ್ಟು ಅಯಾನು, ಅಂದರೆ ವಿದ್ಯುದಂಶವುಳ್ಳ ಕಣ, ಆಗಿಬಿಟ್ಟಿದೆ. ಮಗಳ ಮದುವೆ ಮುಗಿಸಿದ ಅಪ್ಪನ ಹಾಗೆ ಅದು ನಿರಾಳವಾಗಿದೆ, ಇನ್ನು ಅದಕ್ಕೆ ಆತುರವಿಲ್ಲ ಎಂದು ಅವರು ಹೇಳುವ ಹೊತ್ತಿಗೆ ಮುಂದಿನ ಅವಧಿಯ ಹಿಂದಿ ಶಿಕ್ಷಕಿ ಬಾಗಿಲಲ್ಲಿ ಎರಡು ಬಾರಿ ಕೆಮ್ಮಿರುತ್ತಾರೆ.

ದ್ಯುತಿಸಂಶ್ಲೇಷಣೆ, ಅಂದರೆ ಎಲೆಯ ಪತ್ರಹರಿತ್ತು ಬೆಳಕಿನ ಶಕ್ತಿಯನ್ನು ಹಿಡಿದು ನೀರು ಮತ್ತು ಇಂಗಾಲದ ಡೈಆಕ್ಸೈಡುಗಳಿಂದ ಸಕ್ಕರೆಯನ್ನು ಕಟ್ಟಿ ಆಮ್ಲಜನಕವನ್ನು ಹೊರಬಿಡುವ ಕ್ರಿಯೆ, ಅವರ ಇಷ್ಟದೇವತೆ. ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಮೆಗ್ನೀಸಿಯಂ ಎಂಬ ಲೋಹ ಕುಳಿತಿರುವುದನ್ನು ಹೇಳುವಾಗ ಅವರಿಗೆ ಬದುವಿನ ಜಗಳದಲ್ಲಿ ಸೋತದ್ದೇ ಗೆಲುವೆನಿಸುತ್ತದೆ. ಆದರೆ ಪ್ರಯೋಗದ ಗತಿ ಬೇರೆ. ಪಾಠ ಬರುವುದು ಮಳೆಗಾಲದಲ್ಲಿ. ಮಲೆನಾಡಿನ ಜುಲೈ ತಿಂಗಳಲ್ಲಿ ಸೂರ್ಯನೇ ಗೈರುಹಾಜರಿ. ಎಲೆಯನ್ನು ಮದ್ಯಸಾರದಲ್ಲಿ, ಅದು ಬೇಗ ಹೊತ್ತಿಕೊಳ್ಳುವುದರಿಂದ ನೇರ ಉರಿಗೊಡ್ಡದೆ ಬಿಸಿನೀರಿನ ಬೀಕರಿನೊಳಗಿಟ್ಟು ಕುದಿಸಿ, ಹಸಿರು ಬಿಟ್ಟ ಮೇಲೆ ಅಯೋಡಿನ್ ಹನಿಸಿದರೆ ಪಿಷ್ಟವಿದ್ದೆಡೆ ನೀಲಿಗಪ್ಪು ಬಣ್ಣ ಬರಬೇಕು. ನಲವತ್ತು ಜೋಡಿ ಕಣ್ಣುಗಳೆದುರು ಎಲೆ ಅಯೋಡಿನ್ನಿನ ಕಂದು ಬಣ್ಣದಲ್ಲೇ ಮಲಗಿರುತ್ತದೆ. ‘ನೀಲಿಗಪ್ಪು ಬಣ್ಣಕ್ಕೆ ತಿರುಗಿತು ಅಂತ ಬರ್ಕೊಳ್ಳಿ’ ಎಂದು ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಅಂಕವೂ ಬರುತ್ತದೆ. ಈ ಸುಳ್ಳು ಅವರ ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿಯುವುದರಿಂದ, ದಸರಾ ರಜೆ ಮುಗಿದು ಬಿಸಿಲು ಕಾಯಲಾರಂಭಿಸಿದ ಒಂದು ಮಧ್ಯಾಹ್ನ, ಯಾರೂ ಕೇಳದಿದ್ದರೂ, ಅವರು ದಾಸವಾಳದ ಎಲೆಯೊಂದನ್ನು ಕಿತ್ತು ಮತ್ತೆ ಒಲೆ ಹೊತ್ತಿಸುತ್ತಾರೆ. ಬಸ್ಸಿಗೆ ಕಾಯುತ್ತಿರುವ ನಾಲ್ಕಾರು ಮಕ್ಕಳ ನಡುವೆ ಎಲೆ ಮೊದಲು ಅಂಚಿನಲ್ಲಿ, ಆಮೇಲೆ ನಡುವಿನಲ್ಲಿ, ಮೋಡ ಕವಿಯುವ ಹಾಗೆ ಕಪ್ಪಾಗುತ್ತದೆ. ಆಗ ಮೇಷ್ಟ್ರು ‘ಆದರೆ’ ಎನ್ನುವುದಿಲ್ಲ.

ಮನೆಯಲ್ಲಿ ಅವರ ಶಾಸ್ತ್ರಕ್ಕೆ ಮರ್ಯಾದೆ ಅಷ್ಟಕ್ಕಷ್ಟೇ. ತಾಮ್ರದ ಹಂಡೆಗೆ ಹುಣಸೆಹಣ್ಣು ತಿಕ್ಕಿದಾಗ ಅದರ ಟಾರ್ಟಾರಿಕ್ ಆಮ್ಲವು ತಾಮ್ರದ ಆಕ್ಸೈಡಿನ ಕಲೆಯನ್ನು ಕರಗಿಸುತ್ತದೆಂದು ಅವರು ವಿವರಿಸಲು, ‘ಅಷ್ಟೆಲ್ಲ ಗೊತ್ತಿದ್ದ ಮೇಲೆ ನೀವೇ ತಿಕ್ಕಿಕೊಡಿ’ ಎಂದು ಮನೆಯವರು ಹಂಡೆಯನ್ನು ಮುಂದಕ್ಕೆ ಸರಿಸುತ್ತಾರೆ. ಅರಳಿಮರ ಇಪ್ಪತ್ನಾಲ್ಕು ಗಂಟೆಯೂ ಆಮ್ಲಜನಕ ಕೊಡುತ್ತದೆಂಬ ಸಂದೇಶ ಕುಟುಂಬದ ವಾಟ್ಸಾಪ್ ಗುಂಪಿಗೆ ತಿಂಗಳಿಗೊಮ್ಮೆ ಬರುತ್ತದೆ. ಬೆಳಕಿಲ್ಲದೆ ಎಲೆಯಲ್ಲಿ ನೀರು ಒಡೆಯದು, ನೀರು ಒಡೆಯದೆ ಆಮ್ಲಜನಕ ಬಾರದು ಎಂದು ಅವರು ತಿಂಗಳಿಗೊಮ್ಮೆ ಉತ್ತರ ಬರೆಯುತ್ತಾರೆ. ದೊಡ್ಡಪ್ಪನವರು ಎರಡಕ್ಕೂ ಕೈಮುಗಿದ ಚಿತ್ರವನ್ನೇ ಹಾಕುತ್ತಾರೆ.

ವರ್ಗಾವಣೆಯಾದಾಗ ಅಥವಾ ನಿವೃತ್ತಿಯ ದಿನ ಹಸಿರು ಬೀರುವನ್ನು ಉತ್ತರಾಧಿಕಾರಿಗೆ ಒಪ್ಪಿಸಬೇಕಾಗುತ್ತದೆ. ಪ್ರನಾಳಗಳನ್ನೂ ಒಡೆದ ಬೀಕರುಗಳನ್ನೂ ಎಣಿಸಿಯಾದ ಮೇಲೆ, ದಾಸ್ತಾನು ಪುಸ್ತಕದಲ್ಲಿ ‘ಸೋಡಿಯಂ, 1 ಬಾಟಲಿ’ ಎಂಬ ಸಾಲು ಬರುತ್ತದೆ. ಬಾಟಲಿಯೂ ಇದೆ, ಆದರೆ ಸೀಮೆಎಣ್ಣೆ ಎಂದೋ ಆರಿ, ಈಗ ಅದು ಪಡಿತರ ಅಂಗಡಿಯಲ್ಲೂ ಸುಲಭವಾಗಿ ಸಿಗದೆ, ಒಳಗೆ ಬಿಳಿಯ ಹಕ್ಕಳೆ ಕಟ್ಟಿದ ಏನೋ ಒಂದು ಕುಳಿತಿದೆ. ಹೊಸದಾಗಿ ಬಂದ ಎಳೆಯ ಸಿಬಿಝಡ್ ಮೇಷ್ಟ್ರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸ್ವಲ್ಪ ಓರೆ ಮಾಡಿ, ಮುಚ್ಚಳ ಮುಟ್ಟಲು ಧೈರ್ಯವಾಗದೆ, ‘ಇದರೊಳಗೆ ಸೋಡಿಯಂ ಇದೆಯಾ ಸಾರ್?’ ಎಂದು ಕೇಳುತ್ತಾರೆ.

‘ಪುಸ್ತಕದಲ್ಲಿ ಇದೆ’ ಎಂದು ಹೇಳಿ ಹಿರಿಯರು ಸಹಿ ಮಾಡಬೇಕಾದ ಜಾಗವನ್ನು ಬೆರಳಿನಿಂದ ತೋರಿಸುತ್ತಾರೆ.