ಪಂಚೆ ಬೇಡ, ಪ್ಯಾಂಟು ಹಾಕ್ಕೊಂಡು ಬನ್ನಿ

ಕೋಲಾರದ ಕಡೆಯ ಒಂದು ಟೊಮೆಟೊ ತೋಟ. ಶೆಡ್ಡಿನ ಮೂಲೆಯಲ್ಲಿ, ಖಾಲಿ ಕ್ರೇಟುಗಳ ಪಕ್ಕ, 15 ಕೆವಿಎ ಟ್ರ್ಯಾಕ್ಟರ್ ಜನರೇಟರೊಂದು ಕೂತಿದೆ. ಇದಕ್ಕೆ ಸ್ವಂತ ಎಂಜಿನ್ ಇಲ್ಲ. ಟ್ರ್ಯಾಕ್ಟರಿನ ಬೆನ್ನಿಗೆ ಕಟ್ಟಿ, ಅದರ ಎಂಜಿನ್ನಿನ ಶಕ್ತಿಯನ್ನು ಹೊರಗೆ ತರುವ ಪಿಟಿಒ ಶಾಫ್ಟು ಸಿಕ್ಕಿಸಿ ತಿರುಗಿಸಿದರೆ ಕರೆಂಟು ಕೊಡುತ್ತದೆ. ಹಣೆಯಲ್ಲಿ ಹೋದ ಆಯುಧಪೂಜೆಯ ಕುಂಕುಮ, ಕೊರಳಲ್ಲಿ ಒಣಗಿದ ನಿಂಬೆಹಣ್ಣು. ಇವತ್ತು ಲೈನಿನಲ್ಲಿ ಕರೆಂಟಿರುವುದರಿಂದ ಮಾತಿಗೆ ಸಿಕ್ಕಿತು. ಇಲ್ಲದ ದಿನ ಇದಕ್ಕೆ ಬಿಡುವಿರುವುದಿಲ್ಲ.

ಪತ್ರಿಕೆ: ನಮಸ್ಕಾರ. ಹತ್ತಿರ ಬರಬಹುದಾ?

ಜನರೇಟರ್: ಟ್ರ್ಯಾಕ್ಟರ್ ಆಫ್ ಆಗಿದೆಯಾ ನೋಡಿ. ಕೀ ಯಾರ ಜೇಬಲ್ಲಿದೆ? ಸರಿ, ಬನ್ನಿ. ಮುಂದಿನ ಸಲ ಈ ಪಂಚೆ ಉಟ್ಟುಕೊಂಡು ಬರಬೇಡಿ. ಹೆಗಲ ಮೇಲಿನ ಟವೆಲೂ ಬೇಡ.

ಪತ್ರಿಕೆ: ಪಂಚೆ ನಮ್ಮ ಸಂಸ್ಕೃತಿಯಲ್ಲವೇ?

ಜನರೇಟರ್: ಅದಕ್ಕೇ ಅದನ್ನ ಜೋಪಾನವಾಗಿ ಇಟ್ಟುಕೊಳ್ಳಿ ಅಂತಿರೋದು. ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಕೇಳೋಕೆ ದೊಡ್ಡದು ಅನ್ನಿಸಲ್ಲ. ಸೆಕೆಂಡಿಗೆ ಲೆಕ್ಕ ಹಾಕಿ: 9 ಸುತ್ತು. ಶಾಫ್ಟಿನ ಕ್ರಾಸ್ ಇರೋ ಜಾಗದಲ್ಲಿ ಒಂದು ಸುತ್ತಿಗೆ ಒಂದಡಿ ಬಟ್ಟೆ ಸುತ್ತಿಕೊಂಡರೂ ನಾಲ್ಕು ಮೊಳದ ಪಂಚೆ ಪೂರ್ತಿ ಹೋಗೋಕೆ ಒಂದು ಸೆಕೆಂಡು ಬೇಕಾಗಿಲ್ಲ. ‘ಅಯ್ಯೋ’ ಅನ್ನೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು ಸ್ವಾಮಿ. ಬಟ್ಟೆ ಮುಗಿದ ಮೇಲೆ ಶಾಫ್ಟು ನಿಲ್ಲಲ್ಲ, ಒಳಗಿರೋರನ್ನೂ ಎಳೆದುಕೊಳ್ಳುತ್ತೆ. ಸೀರೆ ಸೆರಗು, ಜಡೆ, ಬಿಚ್ಚಿದ ಶರ್ಟಿನ ತೋಳು, ಯಾವುದಕ್ಕೂ ಭೇದ ಮಾಡಲ್ಲ.

ಪತ್ರಿಕೆ: ಅದಕ್ಕೆ ಮುಚ್ಚಳ ಇರುತ್ತದಲ್ಲ?

ಜನರೇಟರ್: ಇತ್ತು. ಕಂಪನಿಯವರು ಹಳದಿ ಪ್ಲಾಸ್ಟಿಕ್ ಗಾರ್ಡು ಹಾಕಿ, ಅದು ತಿರುಗದ ಹಾಗೆ ಚಿಕ್ಕ ಚೈನೂ ಕೊಟ್ಟಿದ್ದರು. ಗ್ರೀಸ್ ಹೊಡೆಯೋಕೆ ಅಡ್ಡ ಬರುತ್ತೆ ಅಂತ ಗಾರ್ಡು ಬಿಚ್ಚಿದರು. ಆಮೇಲೆ ಗ್ರೀಸೂ ಹೊಡೆಯಲಿಲ್ಲ. ಗಾರ್ಡು ಈಗ ಕೋಳಿ ಗೂಡಿನ ಪೈಪು, ಚೈನು ನಾಯಿ ಕೊರಳಲ್ಲಿ. ನನ್ನ ಪಾಲಿಗೆ ಈ ನಿಂಬೆಹಣ್ಣು ಉಳಿದಿದೆ.

ಪತ್ರಿಕೆ: ನಿಮ್ಮ ವಂಶದ ಬಗ್ಗೆ ಓದುಗರಿಗೆ ಎರಡು ಮಾತು?

ಜನರೇಟರ್: ನಮ್ಮ ದೊಡ್ಡಪ್ಪಂದಿರು ಶಿವನಸಮುದ್ರದಲ್ಲಿದ್ದರು. ಅವರನ್ನ ಕಾವೇರಿ ನೀರು ತಿರುಗಿಸುತ್ತಿತ್ತು, ನನ್ನನ್ನ ಟ್ರ್ಯಾಕ್ಟರು ತಿರುಗಿಸುತ್ತೆ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇದೇ ಕೋಲಾರ ಜಿಲ್ಲೆಯ ಚಿನ್ನದ ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ರಾಜಧಾನಿಯೋರಿಗಿಂತ ಮೂರು ವರ್ಷ ಮುಂಚೆ ನಮ್ಮ ಜಿಲ್ಲೆಗೆ ಬಂತು ಅಂತ ಇಲ್ಲಿನವರು ಎದೆ ಉಬ್ಬಿಸಿ ಹೇಳ್ತಾರೆ. ತಂತಿ ಹಳ್ಳಿಗಳ ತಲೆ ಮೇಲೇ ಹೋಯಿತು, ಕೆಳಗೆ ಇಳಿಯೋಕೆ ಪುರುಸೊತ್ತಾಗಲಿಲ್ಲ ಅನ್ನೋದನ್ನ ಮಾತ್ರ ಹೇಳಲ್ಲ. ಇವತ್ತೂ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಅನ್ನೋದು ಸರ್ಕಾರದ ಮಾತು. ಆ 7 ಗಂಟೆ ಯಾವಾಗ ಶುರುವಾಗುತ್ತೆ, ನಡುವೆ ಎಷ್ಟು ಸಲ ಬಿಡುವು ತಗೊಳ್ಳುತ್ತೆ, ಅದರ ಮೇಲೆ ನನ್ನ ಹೊಟ್ಟೆಪಾಡು.

ಪತ್ರಿಕೆ: ಹಾಗಾದರೆ ನೀವು ಬಂದ ಮೇಲೆ ರೈತರು ನೆಮ್ಮದಿಯಾಗಿದ್ದಾರೆ.

ಜನರೇಟರ್: ನೆಮ್ಮದಿಗಿಂತ ಜಂಬ ಜಾಸ್ತಿ. ‘ನಮ್ಮ ಟ್ರ್ಯಾಕ್ಟರು, ನಮ್ಮ ಡೀಸೆಲ್ಲು, ನಮ್ಮ ಕರೆಂಟು, ಕೇಳೋರು ಯಾರು?’ ಅಂತಾನೆ ನನ್ನ ಯಜಮಾನ. ನನ್ನ ಸ್ವಿಚ್ ಹಾಕಿದ ಗಳಿಗೆಯಿಂದ ಅವನೇ ವಿದ್ಯುತ್ ಕಂಪನಿ. ಪವರ್ ಹೌಸೂ ಅವನೇ, ಸಬ್‌ಸ್ಟೇಷನ್ನೂ ಅವನೇ, ಜೆಇ ಅವನೇ, ಲೈನ್‌ಮನ್ನೂ ಅವನೇ. ಕಂಪನಿಯಿಂದ ಅವನು ಕಲಿತದ್ದು ಒಂದೇ ವಿದ್ಯೆ, ಯಾರಿಗೂ ಹೇಳದೆ ಕರೆಂಟು ಕೊಡೋದು, ಯಾರಿಗೂ ಹೇಳದೆ ತೆಗೆಯೋದು. ಅವರು ಕಂಬ ಹತ್ತೋ ಮುಂಚೆ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತಗೊಳ್ತಾರಲ್ಲ, ತಂತಿಗೆ ಅರ್ಥ್ ಹಾಕ್ತಾರಲ್ಲ, ಆ ಪಾಠ ಬಂದಾಗ ಕ್ಲಾಸಿಗೆ ಚಕ್ಕರ್ ಹೊಡೆದಿದ್ದ.

ಪತ್ರಿಕೆ: ಒಂದು ಮನೆಯ ಜನರೇಟರಿಗೂ ಲೈನ್‌ಮನ್‌ಗೂ ಏನು ಸಂಬಂಧ?

ಜನರೇಟರ್: ಕೂತ್ಕೊಳ್ಳಿ. ಈ ಮಾತು ನಿಂತು ಕೇಳುವಂಥದ್ದಲ್ಲ.

ನಮ್ಮ ತೋಟಕ್ಕೆಂದೇ ಒಂದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಇದೆ. 11,000 ವೋಲ್ಟನ್ನ 433ಕ್ಕೆ ಇಳಿಸೋದು ಅದರ ಕೆಲಸ. ಅದಕ್ಕೆ ಮೇಲು ಕೆಳಗು ಅನ್ನೋ ಗರ್ವ ಇಲ್ಲ. ಈ ಕಡೆಯಿಂದ ಕೊಟ್ಟರೆ ಇಳಿಸುತ್ತೆ, ಆ ಕಡೆಯಿಂದ ಕೊಟ್ಟರೆ ಏರಿಸುತ್ತೆ. ಕರೆಂಟು ಹೋದಾಗ ನನ್ನ ಯಜಮಾನ ಮೇನ್ ಸ್ವಿಚ್ ತೆಗೆಯೋದು ಮರೆತು ನನ್ನ ವೈರುಗಳನ್ನ ಮೀಟರ್ ಬೋರ್ಡಿಗೇ ಸಿಕ್ಕಿಸಿದ ಅಂತ ಇಟ್ಟುಕೊಳ್ಳಿ. ನನ್ನ ಕರೆಂಟು ಪಂಪಿಗೂ ಹೋಗುತ್ತೆ, ಹಿಂದಕ್ಕೆ ಟಿಸಿಗೂ ಹೋಗುತ್ತೆ. ಅಲ್ಲಿಂದ 11,000 ಆಗಿ ಮೇಲಿನ ತಂತಿಗೆ ಏರುತ್ತೆ. ಅರ್ಧ ಫರ್ಲಾಂಗು ಆಚೆ, ಮಳೆಗೆ ಮುರಿದ ನೀಲಗಿರಿ ಕೊಂಬೆ ತೆಗೆಯೋಕೆ ಒಬ್ಬ ಹುಡುಗ ಕಂಬದ ಮೇಲಿದ್ದಾನೆ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಫೀಡರ್ ಆಫ್ ಮಾಡಿಸಿ, ಎಲ್‌ಸಿ ತಗೊಂಡೇ ಹತ್ತಿದ್ದಾನೆ. ಸಬ್‌ಸ್ಟೇಷನ್ನಿನ ರಿಜಿಸ್ಟರಲ್ಲಿ ನನ್ನ ಹೆಸರಿಲ್ಲ ಸ್ವಾಮಿ. ಟೊಮೆಟೊ ಶೆಡ್ಡಲ್ಲಿ ಇನ್ನೊಂದು ಪವರ್ ಹೌಸು ಶುರುವಾಗಿದೆ ಅಂತ ಅವನಿಗೆ ಯಾರು ಹೇಳಬೇಕು?

ಪತ್ರಿಕೆ: ಊರಿನ ಲೋಡೆಲ್ಲ ನಿಮ್ಮ ಮೇಲೆ ಬಿದ್ದು ನೀವೇ ನಿಂತುಬಿಡುತ್ತೀರಿ ಅನ್ನುತ್ತಾರಲ್ಲ?

ಜನರೇಟರ್: ಸಾಮಾನ್ಯವಾಗಿ ಹಾಗೇ ಆಗುತ್ತೆ, ಎಂಜಿನ್ ಮುಗ್ಗರಿಸುತ್ತೆ. ಆದರೆ ತಂತಿ ಟಿಸಿ ಪಕ್ಕದಲ್ಲೇ ಕಡಿದು ಬಿದ್ದಿದ್ದರೆ ಊರು ನನ್ನ ಮೇಲೆ ಬೀಳಲ್ಲ. ಆ ಕಡಿದ ತುಂಡಷ್ಟೇ ಜೀವಂತ ಇರುತ್ತೆ. ಅದನ್ನ ಮುಟ್ಟೋಕೇ ತಾನೇ ಅವನು ಬಂದಿರೋದು. ಅದೃಷ್ಟ ನೆಚ್ಚಿಕೊಂಡು ಇನ್ನೊಬ್ಬರ ಮನೆ ಮಗನ್ನ ಕಂಬ ಹತ್ತಿಸಬಾರದು.

ಪತ್ರಿಕೆ: ಪರಿಹಾರ?

ಜನರೇಟರ್: ಚೇಂಜ್‌ಓವರ್ ಸ್ವಿಚ್. ನಾಲ್ಕು ಪೋಲಿಂದು. ಹಿಡಿ ಒಂದು ಕಡೆ ಹಾಕಿದರೆ ಲೈನು, ಇನ್ನೊಂದು ಕಡೆ ಹಾಕಿದರೆ ನಾನು, ನಡುವೆ ಯಾರೂ ಇಲ್ಲ. ಮೂರು ಫೇಸೂ ನ್ಯೂಟ್ರಲ್ಲೂ ಒಟ್ಟಿಗೆ ಬದಲಾಗುತ್ತೆ. ಇಬ್ಬರನ್ನೂ ಒಂದೇ ಸಲ ಮನೆಗೆ ಕರೆಯೋಕೆ ಆ ಹಿಡಿಯಲ್ಲಿ ಜಾಗವೇ ಇಲ್ಲ, ಅದಕ್ಕೇ ಅದನ್ನ ನಂಬಬಹುದು. ‘ಮೇನ್ ತೆಗೆದಿದ್ದೀನಿ, ನೆನಪಿದೆ’ ಅನ್ನೋ ಮನುಷ್ಯನ ಮಾತು ಹಾಗಲ್ಲ. ಚೇಂಜ್‌ಓವರ್ ಇಲ್ಲದಿದ್ದರೆ ಇನ್ನೊಂದು ತಮಾಷೆಯೂ ಉಂಟು. ನಾನು ಓಡ್ತಿರುವಾಗಲೇ ಲೈನಲ್ಲಿ ಕರೆಂಟು ಬಂದರೆ ಇಡೀ ರಾಜ್ಯದ ಗ್ರಿಡ್ಡು ಒಂದು ಕಡೆ, ನಾನು ಒಂದು ಕಡೆ, ತಾಳ ಕೂಡಲ್ಲ. ಗೆಲ್ಲೋದು ಯಾರು ಅಂತ ಹೇಳಬೇಕಾಗಿಲ್ಲ. ನನ್ನ ವೈಂಡಿಂಗೂ ಶಾಫ್ಟೂ ಅವತ್ತೇ ಗುಜರಿಗೆ.

ಪತ್ರಿಕೆ: ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಪ್ಲಗ್ಗಿಗೇ ಕರೆಂಟು ಕೊಡುವವರನ್ನು ಕಂಡಿದ್ದೇವೆ.

ಜನರೇಟರ್: ನಾನೂ ಕಂಡಿದ್ದೀನಿ. ಒಂದು ತುದಿ ಗೋಡೆಗೆ ಚುಚ್ಚಿ ಇನ್ನೊಂದು ತುದಿ ಕೈಯಲ್ಲಿ ಹಿಡಿದಿರ್ತಾರೆ, ಹಿತ್ತಾಳೆ ಪಿನ್ನು ಹೊರಗೆ. ಆ ವೈರನ್ನ ಮಾಡಿಕೊಟ್ಟವನು ಎಲೆಕ್ಟ್ರಿಷಿಯನ್ ಅಂತ ಬೋರ್ಡ್ ಹಾಕ್ಕೊಂಡಿರ್ತಾನೆ. ಮುಂದಿನ ಪ್ರಶ್ನೆ.

ಪತ್ರಿಕೆ: ನಿಮ್ಮ ಶಕ್ತಿ 15 ಕೆವಿಎ. ಏನೇನು ಓಡಿಸಬಹುದು?

ಜನರೇಟರ್: ಯಜಮಾನನ ಪ್ರಕಾರ ಊರನ್ನೇ ಓಡಿಸಬಹುದು. ನನ್ನ ಪ್ರಕಾರ 12 ಕಿಲೋವ್ಯಾಟ್, ಫೇಸಿಗೆ 21 ಆಂಪ್ಸ್ ಒಳಗೆ. 5 ಎಚ್‌ಪಿ ಬೋರ್‌ವೆಲ್ ಮೋಟಾರು ಓಡುವಾಗ ಹತ್ತು ಆಂಪ್ಸ್ ಸುತ್ತಮುತ್ತ ಎಳೆಯುತ್ತೆ, ಸಾಧು. ಏಳುವಾಗ ಮಾತ್ರ ಐದಾರು ಪಟ್ಟು ಕೇಳುತ್ತೆ. ಹಾಗಾಗಿ ಮೊದಲು ಮೋಟಾರು ಏಳಲಿ, ಆಮೇಲೆ ಫ್ರಿಜ್ಜು, ಲೈಟು, ಟಿವಿ. ನಮ್ಮಲ್ಲಿ ಟಿವಿ ಹಾಕಿ, ಧಾರಾವಾಹಿ ಅರ್ಧಕ್ಕೆ ಬಂದಾಗ ಮೋಟಾರು ಒತ್ತುತ್ತಾರೆ. ಸೊಸೆ ಅಳುವ ಹೊತ್ತಿಗೆ ಪರದೆ ಸಣ್ಣಗಾಗುತ್ತೆ, ಬೈಗುಳ ನನಗೆ. ಟ್ರ್ಯಾಕ್ಟರಿನ ಲೆಕ್ಕವೂ ಇದೆ: ಒಂದು ಕಿಲೋವ್ಯಾಟಿಗೆ ಪಿಟಿಒದಲ್ಲಿ 2 ಎಚ್‌ಪಿ ಇದ್ದರೆ ಉಸಿರಾಡಬಹುದು. 35 ಎಚ್‌ಪಿ ಟ್ರ್ಯಾಕ್ಟರಿಗೆ ನಾನು ಸಲೀಸು. ನನ್ನನ್ನ ಪುಟ್ಟ 18 ಎಚ್‌ಪಿ ಟ್ರ್ಯಾಕ್ಟರಿಗೆ ಕಟ್ಟಿ, ಜನರೇಟರ್ ಸರಿಯಿಲ್ಲ ಅಂದರೆ ನಾನೇನು ಮಾಡಲಿ?

ಪತ್ರಿಕೆ: ಆಗ ಥ್ರಾಟಲ್ ಜಾಸ್ತಿ ಮಾಡುತ್ತಾರೆ.

ಜನರೇಟರ್: ನನ್ನ ರಕ್ತದೊತ್ತಡ ಏರೋದೇ ಅಲ್ಲಿ. ನನ್ನೊಳಗೆ ನಾಲ್ಕು ಪೋಲು. 1500 ಸುತ್ತು ತಿರುಗಿದರೆ 50 ಹರ್ಟ್ಸ್. ಪಿಟಿಒದ 540ನ್ನ 1500 ಮಾಡೋದು ಗೇರ್‌ಬಾಕ್ಸಿನ ಕೆಲಸ. ಶಾಫ್ಟು 600 ತಿರುಗಿದರೆ 55 ದಾಟುತ್ತೆ, 500ಕ್ಕೆ ಇಳಿದರೆ 46. ಎಲ್ಲರೂ ವೋಲ್ಟ್‌ಮೀಟರ್ ಒಂದನ್ನೇ ನೋಡ್ತಾರೆ. ನನ್ನಲ್ಲಿ ವೋಲ್ಟೇಜ್ ಕಾಯೋ ಎವಿಆರ್ ಮರ್ಯಾದಸ್ಥ, ಸುತ್ತು ಸ್ವಲ್ಪ ಕಡಿಮೆಯಾದರೂ ಹೇಗೋ 230 ತೋರಿಸಿ ಮಾನ ಕಾಪಾಡ್ತಾನೆ. ಮೋಟಾರು ಒಳಗೊಳಗೇ ಬಿಸಿಯಾಗ್ತಿರುತ್ತೆ. ಪಕ್ಕದಲ್ಲಿರೋ ಹರ್ಟ್ಸ್ ಮೀಟರನ್ನ ನೋಡಿ. ಲೋಡಿಲ್ಲದಾಗ 51, 52ಕ್ಕೆ ಇಟ್ಟರೆ ಲೋಡು ಬಿದ್ದಾಗ 50ಕ್ಕೆ ಬಂದು ಕೂರುತ್ತೆ. ಕೆಲವು ಟ್ರ್ಯಾಕ್ಟರುಗಳಲ್ಲಿ 540ರ ಜೊತೆ 1000ದ ಗೇರೂ ಇರುತ್ತೆ. ಯಾವುದಕ್ಕೆ ಹಾಕಿದ್ದೀರಿ ಅಂತ ಶುರು ಮಾಡೋ ಮುಂಚೆ ನೋಡಿ. ಆಮೇಲೆ ನೋಡೋದಾದರೆ ಟಿವಿ ಅಂಗಡಿಯಲ್ಲಿ ನೋಡಬೇಕಾಗುತ್ತೆ.

ಪತ್ರಿಕೆ: ಶುರು ಮಾಡುವ ಕ್ರಮ?

ಜನರೇಟರ್: ಗಾಡಿ ನ್ಯೂಟ್ರಲ್ಲಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನನ್ನ ಎಂಸಿಬಿ ಆಫ್ ಇರಲಿ, ಚೇಂಜ್‌ಓವರ್ ನಡುವೆ ಇರಲಿ. ಪಿಟಿಒ ಮೆಲ್ಲಗೆ ಹಾಕಿ, ಮೀಟರುಗಳು ನೆಟ್ಟಗೆ ನಿಂತ ಮೇಲೆ ಹಿಡಿ ನನ್ನ ಕಡೆ ಹಾಕಿ, ಲೋಡು ಒಂದೊಂದಾಗಿ. ನಿಲ್ಲಿಸುವಾಗ ಇದೇ ದಾರಿ ತಿರುಗಿ ಬನ್ನಿ. ಲೋಡಿದ್ದ ಹಾಗೇ ಎಂಜಿನ್ ಬಂದ್ ಮಾಡೋ ಶೂರರಿದ್ದಾರೆ, ಅವರ ಮನೆ ಫ್ರಿಜ್ಜಿಗೆ ಆಯುಸ್ಸು ಕಡಿಮೆ.

ಪತ್ರಿಕೆ: ಅರ್ಥಿಂಗ್?

ಜನರೇಟರ್: ಓಹೋ, ಆ ಹೆಸರು ಕೇಳಿ ಬಹಳ ದಿನ ಆಯ್ತು. ಟ್ರ್ಯಾಕ್ಟರು ನಾಲ್ಕು ರಬ್ಬರ್ ಟೈರಿನ ಮೇಲೆ ನಿಂತಿರುತ್ತೆ. ನೆಲಕ್ಕೂ ನನಗೂ ನಂಟಿಲ್ಲ. ನನ್ನ ಮೈಗೆ ಎರಡು ಬೇರೆ ಬೇರೆ ಅರ್ಥ್ ಬೇಕು ಅನ್ನುತ್ತೆ ನಿಯಮ, ನ್ಯೂಟ್ರಲ್ಲಿಗೂ ಎರಡು. ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕ್ತಿರಬೇಕು. ಯಜಮಾನ ಏನು ಮಾಡಿದ? ಹಸು ಕಟ್ಟೋ ಗೂಟಕ್ಕೆ ಒಂದು ವೈರು ಸುತ್ತಿದ. ಆ ಗೂಟಕ್ಕೆ ಕಟ್ಟಿರೋ ಹಸುವಿನ ಅಭಿಪ್ರಾಯ ನೀವು ಕೇಳಬೇಕಿತ್ತು. ನ್ಯೂಟ್ರಲ್ ಸಡಿಲ ಇದ್ದರಂತೂ ಒಂದು ಫೇಸಿನ ಮನೆ ಮಂಕಾಗಿ, ಇನ್ನೊಂದು ಫೇಸಿನ ಮನೆಗೆ 400ರ ಹತ್ತಿರ ನುಗ್ಗುತ್ತೆ. ಅಣ್ಣತಮ್ಮಂದಿರು ಭಾಗವಾದ ಮನೆಯಲ್ಲಿ ಹೀಗಾದರೆ ವಿಷಯ ಕೋರ್ಟಿಗೇ ಹೋಗುತ್ತೆ.

ಪತ್ರಿಕೆ: ಮಳೆ ಬಂದರೆ ನಿಮ್ಮನ್ನು ಒಳಗೆ ಸೇರಿಸುತ್ತಾರಾ?

ಜನರೇಟರ್: ನನ್ನನ್ನ ಮಾತ್ರ ಸೇರಿಸಿದರೆ ಸಂತೋಷ. ಟ್ರ್ಯಾಕ್ಟರನ್ನೂ ಸೇರಿಸಿ, ಶೆಟರ್ ಎಳೆದು, ಹೊಗೆ ಒಳಗೇ ಬಿಡ್ತಾರೆ. ಹೊಗೆ ವಾಸನೆ ಮೂಗಿಗೆ ಗೊತ್ತಾಗುತ್ತೆ. ಅದರೊಳಗಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆನೋವು, ಆಮೇಲೆ ನಿದ್ದೆ, ಏಳದ ನಿದ್ದೆ. ಮೇಲೊಂದು ಚಾವಣಿ ಇರಲಿ, ಸುತ್ತ ಗಾಳಿ ಆಡಲಿ. ಹುಲ್ಲಿನ ಬಣವೆ ಪಕ್ಕವೂ ಬೇಡ, ಸೈಲೆನ್ಸರಿಂದ ಕಿಡಿ ಬರುತ್ತೆ.

ಪತ್ರಿಕೆ: ಮದುವೆ ಸೀಸನ್ನಿನಲ್ಲಿ ನಿಮಗೆ ಒಳ್ಳೆಯ ಬೇಡಿಕೆ.

ಜನರೇಟರ್: ಹೌದು. ಪೆಂಡಾಲಿನ ಹಿಂದೆ, ಅಡುಗೆಯವರ ಪಕ್ಕ, ಮಕ್ಕಳು ಓಡಾಡೋ ಜಾಗದಲ್ಲೇ ನಿಲ್ಲಿಸ್ತಾರೆ. ಸುತ್ತ ಒಂದು ಹಗ್ಗ ಕಟ್ಟಿ ಅಂದರೆ ಹಗ್ಗ ಇಲ್ಲ ಅಂತಾರೆ, ವರನ ಮಾವ ಶಾಸಕರ ಜೊತೆ ನಿಂತಿರೋ ಇಪ್ಪತ್ತಡಿ ಫ್ಲೆಕ್ಸು ಕಟ್ಟೋಕೆ ಹಗ್ಗ ಸಿಗುತ್ತೆ. ಸೀರಿಯಲ್ ಸೆಟ್ಟಿನ ವೈರುಗಳನ್ನ ಸೇರಿಸಿ, ಟೇಪ್ ಸುತ್ತದೆ, ಒದ್ದೆ ನೆಲದ ಮೇಲೆ ಬಿಟ್ಟಿರ್ತಾರೆ. ಕರೆಂಟು ಸೋರಿದರೆ ತಾನೇ ಕಡಿಯೋ ಆರ್‌ಸಿಸಿಬಿ ಹಾಕಿ ಅಂದರೆ ‘ಪದೇ ಪದೇ ಬೀಳುತ್ತೆ’ ಅಂತ ಬೈಪಾಸ್ ಮಾಡ್ತಾರೆ. ಅದು ಯಾಕೆ ಬೀಳ್ತಿದೆ ಅಂತ ಯಾರೂ ಕೇಳಲ್ಲ.

ಪತ್ರಿಕೆ: ಕೊನೆಯದಾಗಿ, ನಿಮ್ಮ ಕರೆಂಟು ದುಬಾರಿ ಎಂಬ ದೂರಿದೆ.

ಜನರೇಟರ್: ಲೀಟರ್ ಡೀಸೆಲ್ಲಿಗೆ ಮೂರು ಯೂನಿಟ್ಟಿನ ಹತ್ತಿರ ಬಂದರೆ ನಾನು ಜಾಣ. ಒಂದೇ ಬಲ್ಬಿಗಾಗಿ ಇಡೀ ಟ್ರ್ಯಾಕ್ಟರ್ ಓಡಿಸಿದರೆ ಅದೂ ಇಲ್ಲ. ಯಜಮಾನನಿಗೆ ಈ ಲೆಕ್ಕ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದ: ‘ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಐತಲ್ಲ, ಇದನ್ನೂ ಅದರಲ್ಲೇ ಸೇರಿಸ್ಕೊಳ್ತಾರಾ?’